ಟೋಪಿ ಮತ್ತೆ ಚಿಕ್ಕದಾಗಿದೆ, ವಿಡಿಯೋದಲ್ಲಿ ಹೇಳಿದ ಹಾಗೇ ಮಾಡಿದ್ದೇನೆ, ಯಾರಾದರೂ ಹೇಳಿ

ಕೊಪ್ಪದ_ಹುಡುಗಿ
ಅಪ್ಪನಿಗೆ ಒಂದು ಟೋಪಿ ಹೆಣೆಯಲು ಹೊರಟು ತಲೆ ಕೆಟ್ಟುಹೋಗಿದೆ. ಸಾದಾ ಟೋಪಿ. ಕೆಳಗೆ ರಿಬ್, ಅಂದರೆ ಹಿಗ್ಗುವ ಗೆರೆಗೆರೆ ಪಟ್ಟಿ, ಮೇಲೆ ಪ್ಲೇನ್, ಅಷ್ಟೇ. ವಿಡಿಯೋದಲ್ಲಿ ಕಡ್ಡಿಗೆ 80 ಸ್ಟಿಚ್ (ಕುಣಿಕೆ) ಹಾಕಿ ಅಂದರು, 80 ಹಾಕಿದೆ. ರಿಬ್ ಎರಡು ಇಂಚು ಅಂದರು, ಟೇಪ್ ಹಿಡಿದು ಎರಡೇ ಇಂಚು ಮಾಡಿದೆ. ಎಲ್ಲ ಮುಗಿಸಿ ಅಪ್ಪನ ತಲೆಗೆ ಹಾಕಿದರೆ ಕಿವಿ ಹತ್ತಿರವೂ ಬರುವುದಿಲ್ಲ, ನೆತ್ತಿ ಮೇಲೆ ಕೂರುತ್ತದೆ. ಪೂರ್ತಿ ಬಿಚ್ಚಿ ಮತ್ತೆ ಹೆಣೆದೆ. ಮತ್ತೆ ಅದೇ ಕತೆ. ಅಪ್ಪ ಪಾಪ "ಚೆನ್ನಾಗಿದೆ ಬಿಡು" ಅಂತಾರೆ, ತಮ್ಮ ತೆಂಗಿನಕಾಯಿಗೆ ಹಾಕು ಅಂತ ನಗುತ್ತಾನೆ. ಅಡಿಕೆ ಕೊಯ್ಲು ಶುರುವಾಗುವುದರೊಳಗೆ ಬೇಕು, ಬೆಳಿಗ್ಗೆ ಮಂಜಲ್ಲಿ ತೋಟಕ್ಕೆ ಹೋಗುತ್ತಾರೆ. ಏನು ತಪ್ಪಾಗ್ತಿದೆ ಹೇಳಿ.

ಹಾಸನ_ಆಂಟಿ
ಕೈ ಬಿಗಿ ಕಣಮ್ಮ. ಹೊಸಬರದ್ದೆಲ್ಲ ಇದೇ ಸಮಸ್ಯೆ. ನೂಲನ್ನು ಬೆರಳಿಗೆ ಎಳೆದು ಕಟ್ಟಿದ ಹಾಗೆ ಹಿಡಿದಿರ್ತೀಯ. ಸಡಿಲ ಬಿಡು. ಸ್ಟಿಚ್ ಹಾಕುವಾಗ ಎರಡು ಕಡ್ಡಿ ಜೋಡಿಸಿ ಹಿಡಿದು ಹಾಕು, ಆಮೇಲೆ ಒಂದು ಕಡ್ಡಿ ಎಳೆದುಬಿಡು. ಮೊದಲನೇ ಸಾಲು ಎಷ್ಟು ಆರಾಮಾಗುತ್ತೆ ನೋಡು.

ಕಡ್ಡಿಪೆಟ್ಟಿಗೆ
ಆಂಟಿ ಹೇಳಿದ್ದು ಇರಬಹುದು, ಆದರೆ ನನಗೆ ಅನುಮಾನ ಬೇರೆ. ಹೊಲಿಗೆ ಇಲ್ಲದೆ ಸುತ್ತಲೂ ಹೆಣೆಯುವ ಸರ್ಕ್ಯುಲರ್ ಕಡ್ಡಿಯಲ್ಲಿ ಸುತ್ತು ಸೇರಿಸುವಾಗ ಸ್ಟಿಚ್ ತಿರುಚಿಕೊಂಡಿರುತ್ತೆ. ಒಂದು ಕಡೆ ತಿರುಚಿದರೆ ಇಡೀ ಟೋಪಿ ಮುರುಟಿದ ಹಾಗಾಗುತ್ತೆ. ಸೇರಿಸುವ ಮುಂಚೆ ಎಲ್ಲಾ ಸ್ಟಿಚ್‌ಗಳ ಬುಡ ಒಂದೇ ಕಡೆ ಇದೆಯಾ ನೋಡಿಕೊಳ್ಳಿ. ಕೇಬಲ್ ಎಷ್ಟುದ್ದ? ಟೋಪಿಗೆ 40 ಸೆಂಟಿಮೀಟರ್ ಸರಿಯಾಗುತ್ತೆ. 80ರದ್ದು ತಗೊಂಡಿದ್ದರೆ ಮ್ಯಾಜಿಕ್ ಲೂಪ್ ಮಾಡಬೇಕು, ಅಂದರೆ ಹೆಚ್ಚಿನ ಕೇಬಲನ್ನು ಸ್ಟಿಚ್‌ಗಳ ನಡುವೆ ಹೊರಗೆಳೆದು ಹೆಣೆಯಬೇಕು.

ಕೊಪ್ಪದ_ಹುಡುಗಿ
ಸಡಿಲ ಬಿಟ್ಟು ನೋಡಿದೆ ಆಂಟಿ. ಈಗ ಅಂಚು ಜೋಲಾಡುತ್ತೆ, ಮೇಲೆ ಬಿಗಿಯೇ ಇದೆ.

ಹಾಸನ_ಆಂಟಿ
ಹಾಗಾದರೆ ಅಂಚಿಗೆ ಮಾತ್ರ ಸಡಿಲ ಬಿಟ್ಟಿದ್ದೀಯ. ಇಡೀ ಟೋಪಿ ಹಾಗೇ ಹೆಣೆಯಬೇಕು. ಇನ್ನೊಂದು, ಕುಣಿಕೆಯನ್ನು ಕಡ್ಡಿಯ ತುದಿಯಲ್ಲೇ ಮಾಡ್ತೀಯ ಅಂತ ಕಾಣುತ್ತೆ. ತುದಿ ಚೂಪು, ಅಲ್ಲಿ ಮಾಡಿದ ಕುಣಿಕೆ ಸಣ್ಣದಾಗಿಯೇ ಉಳಿಯುತ್ತೆ. ಕಡ್ಡಿಯ ದಪ್ಪ ಭಾಗಕ್ಕೆ ತಳ್ಳಿ ಅಲ್ಲಿ ಮಾಡು. ನಾನು ಸ್ಕೂಲಿನ ಕ್ರಾಫ್ಟ್ ಕ್ಲಾಸಲ್ಲಿ ಕಲಿತಿದ್ದು, ಟೀಚರ್ ಬೆರಳ ಗಂಟಿಗೇ ಕಡ್ಡಿಯಲ್ಲಿ ಕೊಡ್ತಿದ್ದರು.

ಎಸ್ಟೇಟ್_ರೈಟರ್
ಮೂಡಿಗೆರೆ ಕಡೆಯವನು. ಗಂಡಸರು ಹೆಣೆಯಬಾರದು ಅನ್ನುವವರು ಈ ಪೋಸ್ಟ್ ದಾಟಿಕೊಂಡು ಹೋಗಿ. ಮೊದಲು ಮೂರು ವಿಷಯ ಹೇಳಿ. ನೂಲು ಯಾವುದು, ಕಡ್ಡಿ ಯಾವುದು, ನಾಲ್ಕು ಇಂಚಿಗೆ ಎಷ್ಟು ಸ್ಟಿಚ್ ಬರುತ್ತಿದೆ? ಇದು ಗೊತ್ತಿಲ್ಲದೆ ಕೈ ಬಿಗಿ, ಮೈ ಬಿಗಿ ಅಂತ ಮಾತಾಡಿ ಪ್ರಯೋಜನ ಇಲ್ಲ.

ಕೊಪ್ಪದ_ಹುಡುಗಿ
ನೂಲು ಮೆರೂನ್ ಸರ್.

ಎಸ್ಟೇಟ್_ರೈಟರ್
ಬಣ್ಣ ಕೇಳಲಿಲ್ಲ ಮಾರಾಯ್ತಿ. ಉಂಡೆ ಮೇಲೆ ಕಾಗದದ ಪಟ್ಟಿ ಇತ್ತಲ್ಲ, ಅದರಲ್ಲಿ ಏನು ಬರೆದಿತ್ತು? ಎಷ್ಟು ಎಳೆ, ಅಕ್ರಿಲಿಕ್ಕೋ ಉಣ್ಣೆಯೋ?

ಕೊಪ್ಪದ_ಹುಡುಗಿ
ಪಟ್ಟಿ ಬಿಸಾಡಿಯಾಯ್ತು. ವರ್ಧಮಾನ್, ಅಕ್ರಿಲಿಕ್. ಚಿಕ್ಕಮಗಳೂರಿನಲ್ಲಿ ಫ್ಯಾನ್ಸಿ ಸ್ಟೋರಲ್ಲಿ ಸಿಕ್ಕಿದ್ದು. ತುಂಬ ದಪ್ಪ ಅಲ್ಲ, ತುಂಬ ತೆಳುವೂ ಅಲ್ಲ.

ಉಣ್ಣೆ_ಪ್ರಿಯ
ಅಪ್ಪನಿಗೆ ಹೆಣೆಯುವುದು ಅಂತೀರ, ಅದಕ್ಕೆ ಅಕ್ರಿಲಿಕ್? ನಿಜವಾದ ಉಣ್ಣೆ ಆಗಿದ್ದರೆ ನೀರಲ್ಲಿ ನೆನೆಸಿ, ಎಳೆದು, ಅಳತೆಗೆ ಒಣಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತಿತ್ತು. ಅಕ್ರಿಲಿಕ್ ಹಾಗೆ ಮಾತು ಕೇಳುವುದಿಲ್ಲ.

ಹಾಸನ_ಆಂಟಿ
ಮಲೆನಾಡಿನ ಮಳೆಗಾಲದಲ್ಲಿ ಉಣ್ಣೆ ಒಗೆದು ಒಣಗಿಸಿ ತೋರಿಸಿ ನೋಡೋಣ. ಒಳಗಡೆ ಹಗ್ಗದ ಮೇಲೆ ವಾರಗಟ್ಟಲೆ ನೇತಾಡುತ್ತೆ, ಒದ್ದೆ ಕುರಿ ವಾಸನೆ ಬೇರೆ. ಆಮೇಲೆ ನುಸಿ ಗುಳಿಗೆ ಹಾಕಿಟ್ಟರೂ ಹುಳ ತಿನ್ನುತ್ತೆ. ಅಕ್ರಿಲಿಕ್ ಸಾಕು.

ಉಣ್ಣೆ_ಪ್ರಿಯ
ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತೆ ಆಂಟಿ. ಕುರಿ ಕಂಬಳಿ ಹೊದ್ದು ಮಳೆಯಲ್ಲಿ ಗದ್ದೆ ಕೆಲಸ ಮಾಡಿದವರು ನಮ್ಮವರೇ ಅಲ್ವಾ.

ಹಾಸನ_ಆಂಟಿ
ಕಂಬಳಿ ಬೇರೆ, ಟೋಪಿ ಬೇರೆ. ಕಂಬಳಿ ಚುಚ್ಚಿದರೆ ಬೆನ್ನಿಗೆ ಗೊತ್ತಾಗಲ್ಲ, ಹಣೆಗೆ ಗೊತ್ತಾಗುತ್ತೆ.

ಸಕಲೇಶಪುರ_ಸಂಜೆ
ಯಾಕೆ ಇಷ್ಟು ಚರ್ಚೆ? ಟೋಪಿಯನ್ನು ಒಂದು ಪಾತ್ರೆ ಮೇಲೆ ಎಳೆದು ಕೂರಿಸಿ, ಮೇಲೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಪೆಟ್ಟಿಗೆಯಲ್ಲಿ ಹಬೆ ಕೊಡಿ. ದೊಡ್ಡದಾಗುತ್ತೆ. ನಾನು ಮಾಡಿದ್ದೇನೆ.

ಎಸ್ಟೇಟ್_ರೈಟರ್
ಮಾಡಬೇಡಿ! ದೊಡ್ಡದೇನೋ ಆಗುತ್ತೆ, ಆದರೆ ಅಕ್ರಿಲಿಕ್‌ಗೆ ಜಾಸ್ತಿ ಬಿಸಿ ತಗುಲಿದರೆ ಎಳೆ ಸತ್ತುಹೋಗುತ್ತೆ. ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ. ರಿಬ್ ಇರುವುದೇ ಹಿಗ್ಗಿ ಕುಗ್ಗಿ ತಲೆಗೆ ಕಚ್ಚಿಕೊಳ್ಳಲಿ ಅಂತ. ಅದನ್ನೇ ಕೊಂದು ಹಾಕಿದರೆ ಗಾಳಿಗೆ ಹಾರಿ ಕಾಫಿ ಗಿಡದ ಮೇಲೆ ಕೂರುತ್ತೆ ಟೋಪಿ.

ಸಕಲೇಶಪುರ_ಸಂಜೆ
ನನ್ನದೇನೂ ಹಾರಿಲ್ಲ. ಸುಮ್ನೆ ಹೆದರಿಸಬೇಡಿ.

ಉಲ್ಟಾ_ಸೀದಾ
ಮಧ್ಯ ಬಾಯಿ ಹಾಕ್ತಿರೋದಕ್ಕೆ ಕ್ಷಮಿಸಿ. ಕೊಪ್ಪದ ಅಕ್ಕನ ಸಮಸ್ಯೆಗೆ ಉಲ್ಟಾ ನನ್ನದು. ಮಫ್ಲರ್ 30 ಸ್ಟಿಚ್‌ನಿಂದ ಶುರು ಮಾಡಿದ್ದೆ, ಈಗ ಎಣಿಸಿದರೆ 37. ಅಗಲ ಆಗ್ತಾ ಆಗ್ತಾ ಪಂಚೆ ತರ ಆಗ್ತಿದೆ. ಎರಡೂ ಕಡೆ ಬರೀ ನಿಟ್ (ಸೀದಾ ಹೆಣಿಗೆ) ಮಾಡ್ತಿದ್ದೇನೆ, ಹೆಚ್ಚಿಸುವುದು ನನಗೆ ಬರುವುದೇ ಇಲ್ಲ.

ಎಸ್ಟೇಟ್_ರೈಟರ್
ನಡುವೆ ಎಲ್ಲಾದರೂ ತೂತು ಕಾಣುತ್ತಾ? ತೂತಿದ್ದರೆ ಹೆಣೆಯುವಾಗ ನೂಲು ಮುಂದೆ ಬಂದು ಕಡ್ಡಿ ಮೇಲೆ ಒಂದು ಸುತ್ತು ಬಿದ್ದಿರುತ್ತೆ, ಮುಂದಿನ ಸಾಲಲ್ಲಿ ಅದನ್ನೂ ಒಂದು ಸ್ಟಿಚ್ ಅಂತ ಹೆಣೆದಿರ್ತೀರಿ. ತೂತಿಲ್ಲ, ಅಂಚು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಹೊರಗೆ ಹೋಗಿದೆ ಅಂದರೆ ಸಾಲಿನ ಮೊದಲನೇ ಸ್ಟಿಚ್ ಕಾರಣ. ಕಡ್ಡಿ ತಿರುಗಿಸಿದ ಮೇಲೆ ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದರೆ ಮೊದಲನೇ ಕುಣಿಕೆ ಮೇಲಕ್ಕೆ ಬಂದು ಅದರ ಎರಡು ಕಾಲೂ ಕಡ್ಡಿ ಮೇಲೆ ಕೂರುತ್ತವೆ. ನೋಡಿದರೆ ಎರಡು ಸ್ಟಿಚ್ ಅನ್ನಿಸುತ್ತೆ. ಎರಡನ್ನೂ ಹೆಣೆದರೆ ಒಂದು ಜಾಸ್ತಿ ಆಯ್ತು. ಹೆಣೆಯುವ ಮುಂಚೆ ನೂಲನ್ನು ಕೆಳಗೆ ಜಗ್ಗಿ, ಕಡ್ಡಿಯ ಅಡಿಯಿಂದ ಹಿಂದಕ್ಕೆ ತನ್ನಿ.

ಉಲ್ಟಾ_ಸೀದಾ
ತೂತಿಲ್ಲ. ಅಂಚೇ ಹೊರಗೆ ಹೋಗಿರುವುದು. ನೋಡ್ತೇನೆ.

ಕಡ್ಡಿಪೆಟ್ಟಿಗೆ
ಕೊಪ್ಪದವರು ಇನ್ನೂ ಕೇಬಲ್ ಉದ್ದ ಹೇಳಿಲ್ಲ. ತಿರುಚಿಕೊಂಡಿದೆ ಅಂತಲೇ ನನ್ನ ಅನಿಸಿಕೆ.

ಕೊಪ್ಪದ_ಹುಡುಗಿ
ಕೇಬಲ್ ಅಂದರೆ? ನನ್ನ ಹತ್ತಿರ ಇರುವುದು ಎರಡು ಉದ್ದ ಕಡ್ಡಿ. ಹಿಂದೆ ಗುಂಡಿ ಇದೆಯಲ್ಲ, ಅಂಥದ್ದು. ಚಪ್ಪಟೆ ಹೆಣೆದು ಕೊನೆಗೆ ಹಿಂದೆ ಹೊಲಿಯುತ್ತೇನೆ. ವಿಡಿಯೋದವರೂ ಹಾಗೇ ಮಾಡಿದ್ದು.

ಕಡ್ಡಿಪೆಟ್ಟಿಗೆ
ಓ. ಅದನ್ನು ಮೊದಲೇ ಹೇಳಬಾರದಾ. ಕೇಬಲ್ ಅಂದರೆ ಸರ್ಕ್ಯುಲರ್ ಕಡ್ಡಿಯ ಎರಡು ತುದಿ ಸೇರಿಸುವ ವೈರು. ಸರಿ, ಹಾಗಾದರೆ ತಿರುಚುವ ಪ್ರಶ್ನೆಯೇ ಇಲ್ಲ. ಆದರೂ ಒಂದು ಮಾತು, ಟೋಪಿಯನ್ನು ಯಾರು ಈಗ ಚಪ್ಪಟೆ ಹೆಣೆಯುತ್ತಾರೆ? ನನ್ನ ಹತ್ತಿರ ನಿಟ್‌ಪ್ರೋ ಮರದ ಸೆಟ್ ಇದೆ, 3.5ರಿಂದ 8 ಎಂಎಂವರೆಗೆ ತುದಿ ಬಿಚ್ಚಿ ಬದಲಾಯಿಸಬಹುದು, ಜೊತೆಗೆ ಕೇಬಲ್‌ಗಳು. ಟೋಪಿ, ಕಾಲುಚೀಲ, ಸ್ವೆಟರ್ ತೋಳು, ಎಲ್ಲಾ ಅದರಲ್ಲೇ. ಅಲ್ಯೂಮಿನಿಯಂ ಕಡ್ಡಿ ಎಲ್ಲ ಅಟ್ಟಕ್ಕೆ ಹಾಕಿದ್ದೇನೆ. ಸೆಟ್ ತಗೊಂಡ ಮೇಲೆ ಹೊಲಿಗೆ ಹಾಕುವ ಕೆಲಸವೇ ಇಲ್ಲ.

ಹಾಸನ_ಆಂಟಿ
ಅಲ್ಯೂಮಿನಿಯಂ ಕಡ್ಡಿಯಲ್ಲೇ ಇಡೀ ಮನೆಗೆ ಸ್ವೆಟರ್ ಹಾಕಿದವಳು ನಾನು. ರಿಬ್‌ಗೆ 10, ಮೈಗೆ 8, ಇವೆರಡು ಜೊತೆ ಇದ್ದರೆ ಯಾವ ಸೆಟ್ಟೂ ಬೇಡ. ಮರದ ಕಡ್ಡಿ ಮಳೆಗಾಲದಲ್ಲಿ ನೂಲು ಹಿಡಿದುಕೊಳ್ಳುತ್ತೆ, ಜಾರುವುದೇ ಇಲ್ಲ.

ಕಡ್ಡಿಪೆಟ್ಟಿಗೆ
ಹೊಸಬರಿಗೆ ಜಾರದಿರುವುದೇ ಒಳ್ಳೆಯದು ಆಂಟಿ. ಅಲ್ಯೂಮಿನಿಯಂ ಆದರೆ ಒಂದು ಕೆಮ್ಮು ಬಂದರೆ ಹತ್ತು ಸ್ಟಿಚ್ ಉದುರುತ್ತೆ.

ಕೊಪ್ಪದ_ಹುಡುಗಿ
ನನ್ನದೂ 8ನೇ ನಂಬರೇ ಆಂಟಿ. ವಿಡಿಯೋದಲ್ಲೂ 8 ಅಂತ ಬರೆದಿತ್ತು, ಅಂಗಡಿಯಲ್ಲಿ 8 ಕೇಳಿ ತಂದೆ.

ಹಾಸನ_ಆಂಟಿ
ನೋಡು, ಕಡ್ಡಿ ಸರಿಯಾಗಿದೆ. ಹಾಗಾದರೆ ಕೈಯೇ. ನಾನು ಮೊದಲೇ ಹೇಳಿದೆ.

ಎಸ್ಟೇಟ್_ರೈಟರ್
ಸ್ವಲ್ಪ ನಿಲ್ಲಿ. ವಿಡಿಯೋ ಎಲ್ಲಿಯದು?

ಕೊಪ್ಪದ_ಹುಡುಗಿ
ಅಮೆರಿಕದವರು ಯಾರೋ. ಚೆನ್ನಾಗಿ ನಿಧಾನವಾಗಿ ತೋರಿಸುತ್ತಾರೆ, ಅದಕ್ಕೇ ನೋಡಿದ್ದು.

ಎಸ್ಟೇಟ್_ರೈಟರ್
ಸಿಕ್ಕಿತು. ಅಮೆರಿಕದ 8 ಅಂದರೆ 5 ಎಂಎಂ. ನಮ್ಮ ಅಂಗಡಿಗಳ 8 ಅಂದರೆ 4 ಎಂಎಂ. ನಮ್ಮದು ಹಳೆ ಬ್ರಿಟಿಷ್ ನಂಬರು, ತಂತಿಯ ಗೇಜ್ ಇದ್ದ ಹಾಗೆ, ನಂಬರು ಏರಿದಷ್ಟೂ ಕಡ್ಡಿ ತೆಳು. ಅಮೆರಿಕದಲ್ಲಿ ನಂಬರು ಏರಿದಷ್ಟೂ ದಪ್ಪ. ಎರಡೂ ಕಡೆ ಒಂದೇ ಆಗುವುದು 7ರಲ್ಲಿ ಮಾತ್ರ, ಅದು ಇಲ್ಲೂ 4.5, ಅಲ್ಲೂ 4.5. ಅಲ್ಲಿಂದಾಚೆ ದಾರಿ ಬೇರೆ. 10 ಅಂತ ತಗೊಂಡರಂತೂ ಕೇಳಬೇಡಿ, ನಮ್ಮದು 3.25, ಅವರದ್ದು 6. ಬ್ರಿಟನ್ನಿನವರೇ 1970ರ ದಶಕದಲ್ಲಿ ಎಂಎಂಗೆ ಬದಲಾದರು, ನಮ್ಮ ಫ್ಯಾನ್ಸಿ ಸ್ಟೋರ್‌ಗಳು ಇನ್ನೂ ಬಿಟ್ಟಿಲ್ಲ.

ಹಾಸನ_ಆಂಟಿ
ನಮ್ಮ ಕಾಲದಿಂದ 8 ಅಂದರೆ 8. ಅಮೆರಿಕದವರು ಏನಾದರೂ ಮಾಡಿಕೊಳ್ಳಲಿ. ಕೈ ಬಿಗಿ ಇರುವುದು ಸುಳ್ಳಲ್ಲ.

ಎಸ್ಟೇಟ್_ರೈಟರ್
ಲೆಕ್ಕ ಹಾಕಿದರೆ ಗೊತ್ತಾಗುತ್ತೆ. ಕೊಪ್ಪದವರೇ, ಪ್ಲೇನ್ ಭಾಗವನ್ನು ಮೇಜಿನ ಮೇಲೆ ಎಳೆಯದೆ ಇಡಿ. ಅಂಚು ಬಿಟ್ಟು ನಡುವೆ ನಾಲ್ಕು ಇಂಚಿಗೆ ಎಷ್ಟು "ವಿ" ಇದೆ ಎಣಿಸಿ, ಒಂದು "ವಿ" ಅಂದರೆ ಒಂದು ಸ್ಟಿಚ್. ವಿಡಿಯೋದಲ್ಲಿ ಎಷ್ಟು ಹೇಳಿದ್ದಾರೆ ಅದನ್ನೂ ನೋಡಿ. ಅಪ್ಪನ ತಲೆ ಸುತ್ತಳತೆಯೂ ಬೇಕು.

ಕೊಪ್ಪದ_ಹುಡುಗಿ
ನನ್ನದು 22. ವಿಡಿಯೋದ ಕೆಳಗೆ 18 ಅಂತಿದೆ, ಅದು ಏನೋ ಅಂತ ಬಿಟ್ಟಿದ್ದೆ. ಅಪ್ಪನ ತಲೆ 22 ಇಂಚು.

ಎಸ್ಟೇಟ್_ರೈಟರ್
ಅವರದ್ದು ಇಂಚಿಗೆ ನಾಲ್ಕೂವರೆ, 80 ಸ್ಟಿಚ್ ಅಂದರೆ ಸುಮಾರು 17 ಮುಕ್ಕಾಲು ಇಂಚು. ಅದು ಹಿಗ್ಗಿ ದೊಡ್ಡವರ ತಲೆಗೆ ಕೂರುತ್ತೆ. ನಿಮ್ಮದು ಇಂಚಿಗೆ ಐದೂವರೆ, ಅಂದರೆ ಹದಿನಾಲ್ಕೂವರೆ ಇಂಚು. ಹುಟ್ಟಿದ ಮಗುವಿನ ತಲೆಯೇ ಸುಮಾರು 14 ಇಂಚು ಇರುತ್ತೆ. ನೀವು ಹೆಣೆದಿದ್ದು ಕುಲಾವಿ. 4 ಎಂಎಂ ಕಡ್ಡಿಯಲ್ಲಿ 22 ಬರುವುದು ಏನೂ ವಿಚಿತ್ರ ಅಲ್ಲ, ಕೈ ಚೆನ್ನಾಗಿಯೇ ಇದೆ.

ಈಗ ಎರಡು ದಾರಿ. 5 ಎಂಎಂ ಕಡ್ಡಿ ತಂದು ಅದೇ 80 ಹಾಕಬಹುದು. ನಮ್ಮ ಹಳೆ ನಂಬರಲ್ಲಿ ಅದು 6. ಆದರೆ ಈ ನೂಲು ವಿಡಿಯೋದವರ ನೂಲಿಗಿಂತ ತೆಳು ಇದ್ದರೆ ಟೋಪಿ ಜಾಳುಜಾಳಾಗಿ, ಮಂಜೆಲ್ಲ ಒಳಗೆ ಬರುತ್ತೆ. ನಾನಾದರೆ ಇದೇ ಕಡ್ಡಿ ಇಟ್ಟುಕೊಂಡು ಸ್ಟಿಚ್ ಹೆಚ್ಚಿಸುತ್ತೇನೆ. 104 ಹಾಕಿ, ಹೊಲಿಗೆಗೆ ಎರಡು ಸೇರಿಸಿ 106. 104 ಯಾಕೆ ಅಂದರೆ ಸುಮಾರು 19 ಇಂಚು ಬರುತ್ತೆ, ಎಂಟರಿಂದ ಭಾಗವಾಗುತ್ತೆ. 80 ಕೂಡ ಎಂಟರ ಲೆಕ್ಕವೇ, ಹಾಗಾಗಿ ನೆತ್ತಿ ಹತ್ತಿರ ಕಮ್ಮಿ ಮಾಡುವ ಸಾಲುಗಳು ಎಂಟೆಂಟಾಗಿ ಇದ್ದರೆ ಹಾಗೇ ಹೊಂದಿಕೊಳ್ಳುತ್ತವೆ. ಸಾಲುಗಳನ್ನು ಮಾತ್ರ ಎಣಿಸಬೇಡಿ, ಟೇಪ್ ಹಿಡಿಯಿರಿ. ತೆಳು ಕಡ್ಡಿಯಲ್ಲಿ ಸಾಲಿನ ಎತ್ತರವೂ ಕಮ್ಮಿ.

ಹಾಸನ_ಆಂಟಿ
ಎರಡೆಳೆ ಸೇರಿಸಿ 5 ಎಂಎಂನಲ್ಲಿ ಹಾಕಿದರೆ ಬೆಚ್ಚಗಿರುತ್ತೆ, ಬೇಗನೂ ಮುಗಿಯುತ್ತೆ.

ಎಸ್ಟೇಟ್_ರೈಟರ್
ಈ ನೂಲಿಗೆ ಎರಡೆಳೆ ಆದರೆ 5 ಸಾಲದು. ಹಲಗೆ ತರ ಗಟ್ಟಿಯಾಗುತ್ತೆ.

ಹಾಸನ_ಆಂಟಿ
ನೂಲು ನೀವು ಕಣ್ಣಲ್ಲಿ ನೋಡಿದ್ದೀರಾ? ಪಟ್ಟಿಯೇ ಇಲ್ಲ ಅಂತಿದ್ದಾಳೆ ಹುಡುಗಿ.

ಎಸ್ಟೇಟ್_ರೈಟರ್
4 ಎಂಎಂನಲ್ಲಿ 22 ಬರುವ ನೂಲು ಎಷ್ಟು ದಪ್ಪ ಅಂತ ನೋಡದೆಯೂ ಗೊತ್ತಾಗುತ್ತೆ ಆಂಟಿ.

ಉಣ್ಣೆ_ಪ್ರಿಯ
ಉಣ್ಣೆ ಆಗಿದ್ದರೆ ಈ ರಗಳೆ ಇರುತ್ತಿರಲಿಲ್ಲ.

ಎಸ್ಟೇಟ್_ರೈಟರ್
ಹದಿನಾಲ್ಕೂವರೆ ಇಂಚನ್ನು ಉಣ್ಣೆಯೂ 19 ಮಾಡಲ್ಲ ಸ್ವಾಮಿ.

ಅರಸೀಕೆರೆ_ಬಸ್
ನನ್ನ ಕಡ್ಡಿ ಅಜ್ಜಿಯದ್ದು, ನಂಬರು ಸವೆದುಹೋಗಿದೆ. ಎಷ್ಟು ಎಂಎಂ ಅಂತ ಹೇಗೆ ನೋಡುವುದು?

ಎಸ್ಟೇಟ್_ರೈಟರ್
ತೂತಿನ ಗೇಜ್ ಪಟ್ಟಿ ಸಿಗುತ್ತೆ. ಇಲ್ಲದಿದ್ದರೆ ಪ್ಲಂಬರ್ ಹತ್ತಿರವೋ ಗ್ಯಾರೇಜಲ್ಲೋ ದಪ್ಪ ಅಳೆಯುವ ವರ್ನಿಯರ್ ಇರುತ್ತೆ. ಅದೂ ಇಲ್ಲ ಅಂದರೆ ಡ್ರಿಲ್ ಬಿಟ್ ತನ್ನಿ, ಅದರ ಮೇಲೆ ಎಂಎಂ ಬರೆದಿರುತ್ತೆ. 4ರ ಬಿಟ್‌ನಿಂದ ಹಳೆ ಪ್ಲಾಸ್ಟಿಕ್ ಸ್ಕೇಲಿಗೆ ಒಂದು ತೂತು, ಪಕ್ಕದಲ್ಲಿ 5ರದ್ದು ಇನ್ನೊಂದು. ಕಡ್ಡಿಯ ಮೈ ಆ ತೂತಲ್ಲಿ ಅಲುಗಾಡದೆ ಹೋಗಬೇಕು. ತುದಿ ಹಾಕಿ ನೋಡಬೇಡಿ, ತುದಿ ಯಾವ ತೂತಲ್ಲೂ ಹೋಗುತ್ತೆ.

ಕಡ್ಡಿಪೆಟ್ಟಿಗೆ
ನನ್ನ ಸೆಟ್‌ನಲ್ಲಿ ಪ್ರತಿ ತುದಿಯ ಮೇಲೂ ಎಂಎಂ ಇದೆ. ಅದಕ್ಕೇ ಹೇಳಿದ್ದು.

ಹಾಸನ_ಆಂಟಿ
ಎಷ್ಟಾಯ್ತು ಸೆಟ್ಟು?

ಕಡ್ಡಿಪೆಟ್ಟಿಗೆ
ಇಲ್ಲಿ ಹೇಳಲ್ಲ, ಮನೆಯವರು ಓದುತ್ತಾರೆ.

ಕೊಪ್ಪದ_ಹುಡುಗಿ
106 ಹಾಕಿ ರಿಬ್ ಮುಗಿಸಿದೆ. ಅಪ್ಪನ ತಲೆಗೆ ಸುತ್ತಿ ನೋಡಿದೆ, ಎಳೆದರೆ ಎರಡು ಅಂಚೂ ಸೇರುತ್ತೆ, ಬಿಗಿಯೂ ಇಲ್ಲ. ಕಡ್ಡಿ ತುಂಬ ಸ್ಟಿಚ್ ತುಂಬಿಕೊಂಡು ತುದಿಯಿಂದ ಜಾರುತ್ತಿವೆ, ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದೇನೆ. ಅಂಗಡಿಯವರು 8 ಕೇಳಿದಾಗ ಯಾವ ದೇಶದ್ದು ಅಂತ ಕೇಳಬಾರದಿತ್ತಾ. ಹಳೇ ಟೋಪಿ ಪಕ್ಕದ ಮನೆ ಮಗುವಿಗೆ ಹೋಯ್ತು.

ಉಲ್ಟಾ_ಸೀದಾ
ನನ್ನದು 30ಕ್ಕೆ ನಿಂತಿದೆ, ಥ್ಯಾಂಕ್ಸ್. ಹೊಸ ಮಫ್ಲರ್ ಒಂದು ಕಡೆ ನಿಟ್ ಒಂದು ಕಡೆ ಪರ್ಲ್ (ಉಲ್ಟಾ ಹೆಣಿಗೆ) ಮಾಡಿ ಪ್ಲೇನ್ ಹಾಕ್ತಿದ್ದೇನೆ, ಅದು ಎರಡೂ ಬದಿಯಿಂದ ಸುರುಳಿ ಸುತ್ತಿಕೊಂಡು ಪೈಪ್ ಆಗ್ತಿದೆ. ಇದಕ್ಕೂ ಕೈ ಬಿಗಿ ಕಾರಣವಾ?

ಹಾಸನ_ಆಂಟಿ
ಹೌದು.

ಎಸ್ಟೇಟ್_ರೈಟರ್
ಅಲ್ಲ. ಪ್ಲೇನ್ ಅಂದರೆ ಸುತ್ತಿಕೊಳ್ಳಲೇಬೇಕು, ನಿಟ್ ಮುಖ ಒಂದೇ ಕಡೆ ಇರುವುದರಿಂದ ಎರಡು ಮುಖದ ಎಳೆತ ಸಮ ಇರುವುದಿಲ್ಲ. ಮಫ್ಲರ್‌ಗೆ ಅದು ಬೇಡ. ಪೂರ್ತಿ ರಿಬ್ ಹಾಕಿ, ಇಲ್ಲವೇ ಮೊದಲಿನ ಹಾಗೆ ಎರಡೂ ಕಡೆ ನಿಟ್ ಮಾಡಿ. ಪ್ಲೇನೇ ಬೇಕು ಅಂದರೆ ಎರಡೂ ಬದಿಯಲ್ಲಿ ಐದೈದು ಸ್ಟಿಚ್ ಎಲ್ಲಾ ಸಾಲಲ್ಲೂ ನಿಟ್ ಮಾಡಿ, ಸ್ವಲ್ಪ ಕಮ್ಮಿಯಾಗುತ್ತೆ. ಪೂರ್ತಿ ಹೋಗಲ್ಲ.

ಸಕಲೇಶಪುರ_ಸಂಜೆ
ಇದಕ್ಕೂ ಇಸ್ತ್ರಿ ಪೆಟ್ಟಿಗೆ ಸಾಕು.