ಅಲರ್ಟ್ ಬರುತ್ತದೆ, ಟೆಲಿಸ್ಕೋಪ್ ತಿರುಗುತ್ತದೆ, ಜಿಆರ್‌ಬಿ ಮಾತ್ರ ಸಿಗುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ತಾರಸಿ_ತಾರೆ (ತುಮಕೂರು)

ಎಲ್ಲರಿಗೂ ನಮಸ್ಕಾರ. ಐದು ತಿಂಗಳಿಂದ ಇದೊಂದಕ್ಕೇ ತಲೆ ಕೆಡಿಸಿಕೊಂಡಿದ್ದೇನೆ. ಮನೆ ತಾರಸಿ ಮೇಲೆ 8 ಇಂಚಿನ ನ್ಯೂಟೋನಿಯನ್ ಇದೆ, ಫೋಕಲ್ ಲೆಂತ್ 1000 ಮಿ.ಮೀ. ಕ್ಯಾಮೆರಾ ಸೆನ್ಸರ್ ಚಿಕ್ಕದು, 11.2 × 6.3 ಮಿ.ಮೀ. ಮೌಂಟನ್ನು ರಾಸ್ಪ್‌ಬೆರಿ ಪೈ ಓಡಿಸುತ್ತದೆ, ಇಂಡಿ ಅನ್ನುವ ಸಾಫ್ಟ್‌ವೇರ್ ಮೂಲಕ. ಅದೇ ಪೈ ಒಳಗೆ ನನ್ನದೊಂದು ಪೈಥಾನ್ ಸ್ಕ್ರಿಪ್ಟ್ ನಾಸಾದ ಜಿಸಿಎನ್ (ಸ್ಫೋಟಗಳ ಅಲರ್ಟ್ ಹಂಚುವ ಜಾಲ) ಕಡೆ ಕಿವಿ ಕೊಟ್ಟು ಕೂತಿರುತ್ತದೆ. ಗಾಮಾ ಕಿರಣ ಸ್ಫೋಟದ (ಜಿಆರ್‌ಬಿ, ದೂರದ ಗ್ಯಾಲಕ್ಸಿಯಲ್ಲಿ ಆಗುವ ಭಾರೀ ಸ್ಫೋಟ) ಅಲರ್ಟ್ ಬಂದ ತಕ್ಷಣ ಟೆಲಿಸ್ಕೋಪ್ ಆ ಕಡೆ ತಿರುಗಿ ಒಂದು ನಿಮಿಷದ 20 ಫೋಟೊ ತೆಗೆಯಬೇಕು.

ತಿರುಗುತ್ತದೆ, ಫೋಟೊನೂ ತೆಗೆಯುತ್ತದೆ. ಇಲ್ಲಿಯವರೆಗೆ 14 ಸಲ ಓಡಿದೆ. ಹಳೆಯ ಸರ್ವೆ ಚಿತ್ರದ ಜೊತೆ ಹೋಲಿಸಿದರೆ ಒಂದರಲ್ಲೂ ಹೊಸ ಚುಕ್ಕೆ ಇಲ್ಲ. ಹ್ಯಾಂಡ್ ಕಂಟ್ರೋಲರ್‌ನಲ್ಲಿ ಎಂ13 ತಾರಾಗುಚ್ಛ ಅಂತ ಕೊಟ್ಟರೆ ಸರಿಯಾಗಿ ಮಧ್ಯಕ್ಕೇ ಬರುತ್ತದೆ, ಆದ್ದರಿಂದ ಅಲೈನ್‌ಮೆಂಟ್ ಸರಿ ಇದೆ ಅಂತ ನನ್ನ ಲೆಕ್ಕ. 8 ಇಂಚಿಗೆ ಇದು ಆಗದ ಕೆಲಸವಾ, ಅಥವಾ ನಾನೇ ಏನಾದರೂ ಎಡವಟ್ಟು ಮಾಡಿದ್ದೇನಾ?

ಪೈಥಾನ್_ಪುಟ್ಟಿ

ಸರ್, ಮೊದಲು ಮಾಮೂಲಿ ತಪ್ಪು ನೋಡೋಣ. ಜಿಸಿಎನ್ ನೋಟಿಸ್‌ನಲ್ಲಿ ಆರ್‌ಎ (ಆಕಾಶದ ರೇಖಾಂಶ) ಬರುವುದು ಡಿಗ್ರಿಯಲ್ಲಿ. ಇಂಡಿ ಕೇಳುವುದು ಗಂಟೆಯಲ್ಲಿ. 15ರಿಂದ ಭಾಗಿಸಿದ್ದೀರಾ? ನಾನು ಮೊದಲ ವರ್ಷ ಇದನ್ನೇ ಮರೆತು ಮೌಂಟ್‌ಗೆ ಬೈದುಕೊಂಡು ಕೂತಿದ್ದೆ. ಮತ್ತೆ, ಯಾವ್ಯಾವ ಟಾಪಿಕ್‌ಗೆ (ಅಲರ್ಟ್ ಬಗೆಗೆ) ಸಬ್‌ಸ್ಕ್ರೈಬ್ ಆಗಿದ್ದೀರಿ ಅಂತ ಹೇಳಿ.

ತಾರಸಿ_ತಾರೆ (ತುಮಕೂರು)

15ರಿಂದ ಭಾಗಿಸಿದ್ದೇನೆ ಮೇಡಂ, ಅದು ಸರಿ ಇದೆ. ಟಾಪಿಕ್ ಎರಡು: ಫರ್ಮಿ ಉಪಗ್ರಹದ ಜಿಬಿಎಂ ಉಪಕರಣದ ಎಫ್‌ಎಲ್‌ಟಿ ಪಾಸ್, ಸ್ವಿಫ್ಟ್ ಉಪಗ್ರಹದ ಬ್ಯಾಟ್ ಉಪಕರಣದ ಪೊಸಿಷನ್. 14ರಲ್ಲಿ 11 ಫರ್ಮಿಯದು, 3 ಸ್ವಿಫ್ಟ್‌ನದು.

ಹಗಲುನಿದ್ದೆ

ಆ 11ನ್ನು ಮರೆತುಬಿಡಿ. ನಿಮ್ಮ ತಪ್ಪಲ್ಲ, ಟೆಲಿಸ್ಕೋಪ್ ತಪ್ಪೂ ಅಲ್ಲ.

ಫರ್ಮಿಯ ಜಿಬಿಎಂನಲ್ಲಿ ಕನ್ನಡಿ, ಲೆನ್ಸ್ ಏನೂ ಇಲ್ಲ. ಸೋಡಿಯಂ ಅಯೋಡೈಡ್ ಡಿಟೆಕ್ಟರ್ 12 ಇವೆ, ಒಂದೊಂದೂ ಒಂದೊಂದು ಕಡೆ ಮುಖ ಮಾಡಿಕೊಂಡಿದೆ, ಜಾಸ್ತಿ ಶಕ್ತಿಯ ಕಿರಣಗಳಿಗೆ ಅಂತ ಇನ್ನೆರಡು ಬಿಜಿಒ ಡಿಟೆಕ್ಟರ್. ಸ್ಫೋಟದ ಬೆಳಕು ಬಂದಾಗ ಯಾವುದರಲ್ಲಿ ಎಷ್ಟು ಎಣಿಕೆ ಏರಿತು ಅಂತ ಹೋಲಿಸಿ ದಿಕ್ಕನ್ನು ಅಂದಾಜು ಮಾಡುತ್ತಾರೆ. ಬಿಸಿಲಲ್ಲಿ ಕಣ್ಣು ಮುಚ್ಚಿ ನಿಂತು, ಯಾವ ಕೆನ್ನೆ ಜಾಸ್ತಿ ಸುಡುತ್ತಿದೆ ಅನ್ನುವುದರ ಮೇಲೆ ಸೂರ್ಯ ಎಲ್ಲಿದ್ದಾನೆ ಅಂತ ಹೇಳುವ ಹಾಗೆ. ಹೇಳಬಹುದು, ಆದರೆ ಕೆಲವು ಡಿಗ್ರಿ ಆಚೀಚೆ. ಎಫ್‌ಎಲ್‌ಟಿ ಪಾಸ್ ಅಂದರೆ ಉಪಗ್ರಹದ ಒಳಗಿನ ಕಂಪ್ಯೂಟರ್ ಅವಸರದಲ್ಲಿ ಮಾಡಿದ ಲೆಕ್ಕ. ಅದರಲ್ಲಿ ತಪ್ಪಿನ ವೃತ್ತ 10 ಡಿಗ್ರಿ ಇದ್ದರೂ ಆಶ್ಚರ್ಯ ಇಲ್ಲ. ಆಮೇಲೆ ನೆಲದ ಮೇಲೆ ಲೆಕ್ಕ ಹಾಕಿದ ಜಿಎನ್‌ಡಿ ಪಾಸ್ ಬರುತ್ತದೆ, ಅದು ವಾಸಿ, ಆದರೂ ಡಿಗ್ರಿಗಳ ಮಾತೇ.

ಈಗ ನಿಮ್ಮ ಕ್ಯಾಮೆರಾ ನೋಡಿ. 1000 ಮಿ.ಮೀ.ಗೆ ಆ ಸೆನ್ಸರ್ ಅಂದರೆ ಸುಮಾರು 38 × 22 ಆರ್ಕ್ ಮಿನಿಟ್ (ಒಂದು ಡಿಗ್ರಿಗೆ 60), ಚದರ ಡಿಗ್ರಿಯಲ್ಲಿ 0.23. 10 ಡಿಗ್ರಿ ತ್ರಿಜ್ಯದ ವೃತ್ತ 314 ಚದರ ಡಿಗ್ರಿ. ಅಂದರೆ 1,350ಕ್ಕೂ ಜಾಸ್ತಿ ಫ್ರೇಮ್ ಬೇಕು. ನೀವು ಒಂದು ಫ್ರೇಮ್ ತೆಗೆದು ಸಿಗಲಿಲ್ಲ ಅಂತಿದ್ದೀರಿ! ನೋಟಿಸ್‌ನಲ್ಲಿ ಆರ್‌ಎ, ಡೆಕ್ (ಆಕಾಶದ ಅಕ್ಷಾಂಶ) ಪಕ್ಕದಲ್ಲೇ ಎರರ್ ಅಂತ ಒಂದು ಸಂಖ್ಯೆ ಇರುತ್ತದೆ. ನಿಮ್ಮ ಸ್ಕ್ರಿಪ್ಟ್ ಅದನ್ನು ಓದುತ್ತಲೇ ಇಲ್ಲ ಅನ್ನಿಸುತ್ತದೆ.

ಫರ್ಮಿ ಅಲರ್ಟ್ ಹಿಂದೆ ಬಿದ್ದು ಯಾರೂ ಗೆದ್ದಿಲ್ಲ ಅಂತಲ್ಲ. 2013ರಲ್ಲಿ ಪಾಲೊಮಾರ್‌ನ 48 ಇಂಚಿನ ಟೆಲಿಸ್ಕೋಪ್‌ನವರು ಜಿಆರ್‌ಬಿ 130702ಎ ಅನ್ನು 71 ಚದರ ಡಿಗ್ರಿ ಜಾಲಾಡಿ ಹಿಡಿದರು. ಆದರೆ ಅವರ ಕ್ಯಾಮೆರಾದ ಒಂದೇ ಫ್ರೇಮ್‌ನಲ್ಲಿ 7 ಚದರ ಡಿಗ್ರಿ ಬರುತ್ತಿತ್ತು. ನಮ್ಮಂಥವರಿಗೆ ಆ ದಾರಿ ಬೇಡ.

ಸ್ವಿಫ್ಟ್ ಕಥೆ ಬೇರೆ. ಅದರ ಬ್ಯಾಟ್ ಮೇಲೆ ಸುಮಾರು 52,000 ಸೀಸದ ಬಿಲ್ಲೆಗಳ ಒಂದು ಚಪ್ಪರ ಇದೆ, ಬೇಕೆಂದೇ ಅಡ್ಡಾದಿಡ್ಡಿ ಜೋಡಿಸಿದ್ದು. ಕೆಳಗೆ 32,768 ಚಿಕ್ಕ ಡಿಟೆಕ್ಟರ್. ಚಪ್ಪರದ ನೆರಳು ಕೆಳಗೆ ಎಲ್ಲಿ ಬಿತ್ತು ಅಂತ ನೋಡಿದರೆ ಬೆಳಕು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಅದರಲ್ಲಿ ತಪ್ಪು 1ರಿಂದ 4 ಆರ್ಕ್ ಮಿನಿಟ್. ನಿಮ್ಮ ಫ್ರೇಮ್‌ಗೆ ಧಾರಾಳ ಸಾಕು. ಆಮೇಲೆ ಉಪಗ್ರಹ ತಾನೇ ಆ ಕಡೆ ತಿರುಗಿ ತನ್ನ ಎಕ್ಸ್-ರೇ ಟೆಲಿಸ್ಕೋಪ್ ಎಕ್ಸ್‌ಆರ್‌ಟಿಯಲ್ಲಿ ಆಫ್ಟರ್‌ಗ್ಲೋ (ಸ್ಫೋಟದ ನಂತರ ಉಳಿಯುವ ಬೆಳಕು) ನೋಡಿದರೆ ತಪ್ಪು ಕೆಲವೇ ಆರ್ಕ್ ಸೆಕೆಂಡಿಗೆ ಇಳಿಯುತ್ತದೆ.

ಆದ್ದರಿಂದ ಪ್ರಶ್ನೆ ಇರುವುದು ಆ ಮೂರು ಸ್ವಿಫ್ಟ್ ಅಲರ್ಟ್‌ಗಳದ್ದು. ಅವು ಏನಾದವು?

ಕಡಲತಡಿ (ಸುರತ್ಕಲ್)

ಮಧ್ಯೆ ಬಾಯಿ ಹಾಕುತ್ತೇನೆ. ಮೂರಕ್ಕೆ ಬೇಜಾರು ಮಾಡಬೇಡಿ ಮಾರಾಯ್ರೆ. ಸ್ವಿಫ್ಟ್ ವರ್ಷಕ್ಕೆ ಹಿಡಿಯುವುದೇ ಸುಮಾರು 90. ಅರ್ಧಕ್ಕೆ ನಮಗೆ ಹಗಲು, ಉಳಿದ ಅರ್ಧದಲ್ಲಿ ಅರ್ಧ ನೆಲದ ಕೆಳಗೆ. ಉಳಿದ ಇಪ್ಪತ್ತು ಚಿಲ್ಲರೆಯಲ್ಲಿ ಮಳೆಗಾಲ ಕಳೆಯಿರಿ. ನಮ್ಮ ಕರಾವಳಿಯಲ್ಲಿ ಕಳೆದ ಮೇಲೆ ಏನೂ ಉಳಿಯುವುದಿಲ್ಲ, ಅದು ಬೇರೆ ಮಾತು.

ದೊಡ್ಡವರೂ ಗಲಿಬಿಲಿ ಆಗುತ್ತಾರೆ. 2022ರ ಅಕ್ಟೋಬರ್ 9ರ ಜಿಆರ್‌ಬಿ 221009ಎ, ದಾಖಲಾದದ್ದರಲ್ಲೇ ಎಲ್ಲಕ್ಕಿಂತ ಪ್ರಕಾಶಮಾನವಾದದ್ದು. ಜಿಬಿಎಂ ಅದನ್ನು ಹಿಡಿದಾಗ ನಮ್ಮಲ್ಲಿ ಸಂಜೆ 6:47. ಸ್ವಿಫ್ಟ್ ಟ್ರಿಗರ್ ಆದದ್ದು (ಸ್ಫೋಟ ಗುರುತಿಸಿದ್ದು) 7:40ಕ್ಕೆ, ಬರೋಬ್ಬರಿ 53 ನಿಮಿಷ ಆದ ಮೇಲೆ. ಜಾಗ ಆಕಾಶಗಂಗೆಯ ಪಟ್ಟಿಗೆ ಹತ್ತಿರ ಇದ್ದದ್ದರಿಂದ ಮೊದಲು ನಮ್ಮ ಗ್ಯಾಲಕ್ಸಿಯದೇ ಯಾವುದೋ ಹೊಸ ಮೂಲ ಅಂದುಕೊಂಡು ಸ್ವಿಫ್ಟ್ ಜೆ1913.1+1946 ಅಂತ ಹೆಸರಿಟ್ಟರು. ಆಮೇಲೆ ಎರಡೂ ಒಂದೇ ಅಂತ ಗೊತ್ತಾಯಿತು. ಅವತ್ತು ರಾತ್ರಿ ಹುಣ್ಣಿಮೆ ಬೇರೆ. ನಾನು ಆ ಸಂಜೆ ಒಂದು ಮದುವೆ ರಿಸೆಪ್ಷನ್‌ನಲ್ಲಿ ಐಸ್‌ಕ್ರೀಂ ತಿನ್ನುತ್ತಿದ್ದೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ತಾರಸಿ_ತಾರೆ (ತುಮಕೂರು)

ಹ್ಹಹ್ಹ. ಹಗಲುನಿದ್ದೆ ಸರ್, ಎರರ್ ಸಂಖ್ಯೆ ಓದುತ್ತಿರಲಿಲ್ಲ, ನಿಜ. ನಾಚಿಕೆ ಆಯಿತು. ಮೂರು ಸ್ವಿಫ್ಟ್‌ನಲ್ಲಿ ಒಂದಕ್ಕೆ ಮೋಡ. ಎರಡನೆಯದರಲ್ಲಿ ಆಕಾಶ ಚೆನ್ನಾಗಿತ್ತು, ಏನೂ ಸಿಗಲಿಲ್ಲ. ಮೂರನೆಯದರಲ್ಲೂ ಅಷ್ಟೇ. ಆದರೆ ಈಗ ಲಾಗ್ ನೋಡಿದರೆ ಎರಡನೆಯದು ವಿಚಿತ್ರವಾಗಿದೆ. ಟ್ರಿಗರ್ ಟೈಮ್‌ಗೂ ನನ್ನ ಟೆಲಿಸ್ಕೋಪ್ ತಿರುಗಿದ ಟೈಮ್‌ಗೂ 19 ಗಂಟೆ ವ್ಯತ್ಯಾಸ ಇದೆ. ಜಿಸಿಎನ್ ಅಷ್ಟು ತಡ ಮಾಡುತ್ತದಾ?

ಪೈಥಾನ್_ಪುಟ್ಟಿ

ಇಲ್ಲ ಸರ್, ಬ್ಯಾಟ್ ನೋಟಿಸ್ ಟ್ರಿಗರ್ ಆಗಿ ಒಂದು ನಿಮಿಷದ ಒಳಗೇ ಸಿಕ್ಕಿಬಿಡುತ್ತದೆ. ಒಂದು ಊಹೆ. ಕನ್ಸ್ಯೂಮರ್ ಕಾನ್ಫಿಗ್‌ನಲ್ಲಿ (ಸ್ಕ್ರಿಪ್ಟ್ ಅಲರ್ಟ್ ಪಡೆಯುವ ಸೆಟ್ಟಿಂಗ್) ಆಟೊ ಆಫ್‌ಸೆಟ್ ರೀಸೆಟ್ ಅನ್ನುವ ಜಾಗಕ್ಕೆ ಅರ್ಲಿಯೆಸ್ಟ್ ಅಂತ ಹಾಕಿದ್ದೀರಾ? ಗ್ರೂಪ್ ಐಡಿ ಕೊಟ್ಟಿಲ್ಲ ತಾನೇ? ಐಡಿ ಇಲ್ಲದಿದ್ದರೆ ಪ್ರತಿ ಸಲ ಶುರುವಾದಾಗಲೂ ಲೈಬ್ರರಿ ತಾನೇ ಒಂದು ಹೊಸ ಐಡಿ ಹುಟ್ಟಿಸಿಕೊಳ್ಳುತ್ತದೆ. ಸರ್ವರ್‌ಗೆ ನೀವು ಹೊಸ ಗಿರಾಕಿ. ಅರ್ಲಿಯೆಸ್ಟ್ ಅಂದಿದ್ದೀರಿ ಅಂತ ಅದು ಇಟ್ಟುಕೊಂಡಿರುವ ಹಳೆಯದನ್ನೆಲ್ಲ ಮೊದಲಿಂದ ಬಡಿಸುತ್ತದೆ. ಅವತ್ತು ನಿಮ್ಮಲ್ಲಿ ಕರೆಂಟ್ ಹೋಗಿ ಬಂದಿತ್ತಾ ನೋಡಿ.

ತಾರಸಿ_ತಾರೆ (ತುಮಕೂರು)

ಹೋಗಿತ್ತು! ಪೈ ರೀಸ್ಟಾರ್ಟ್ ಆಗಿ ಎರಡೇ ನಿಮಿಷಕ್ಕೆ ಟೆಲಿಸ್ಕೋಪ್ ತಿರುಗಿದೆ. ಅಂದರೆ ನಾನು ಹಿಂದಿನ ದಿನದ ಸ್ಫೋಟದ ಹಿಂದೆ ಓಡಿದ್ದೇನೆ.

ಪೈಥಾನ್_ಪುಟ್ಟಿ

ಅದೇ. ಲೇಟೆಸ್ಟ್ ಅಂತ ಬದಲಾಯಿಸಿ. ಅದರ ಜೊತೆ ಟ್ರಿಗರ್ ಆಗಿ ಒಂದು ಗಂಟೆ ದಾಟಿದ್ದರೆ ಬಿಟ್ಟುಬಿಡು ಅಂತ ಒಂದು ಸಾಲು ಸೇರಿಸಿ. ಹುಷಾರು, ನೋಟಿಸ್‌ನ ಟೈಮ್ ಯುಟಿಸಿ. ನಿಮ್ಮ ಪೈ ಗಡಿಯಾರ ಐಎಸ್‌ಟಿ. ಟೈಮ್‌ಝೋನ್ ಹೇಳದೆ ಸುಮ್ನೆ ಕಳೆದರೆ ಈಗಷ್ಟೇ ಬಂದದ್ದೂ ಐದೂವರೆ ಗಂಟೆ ಹಳೆಯದು ಅಂತ ಬಿಸಾಡುತ್ತದೆ, ಆಮೇಲೆ ಅಲರ್ಟೇ ಬರುತ್ತಿಲ್ಲ ಅಂತ ಇನ್ನೊಂದು ಪೋಸ್ಟ್ ಹಾಕುತ್ತೀರಿ.

ಹಗಲುನಿದ್ದೆ

ಸರಿ, ಉಳಿದದ್ದು ಮೂರನೆಯದು. ಅದರ ಒಂದು ಫ್ರೇಮ್ ಹಾಕಿ, ಪ್ರೊಸೆಸ್ ಮಾಡದ್ದು. ಜೊತೆಗೆ ನೋಟಿಸ್‌ನ ಆರ್‌ಎ, ಡೆಕ್.

ತಾರಸಿ_ತಾರೆ (ತುಮಕೂರು)

ಹಾಕಿದ್ದೇನೆ ಸರ್. ಟ್ರಿಗರ್ ಆಗಿ 3 ನಿಮಿಷಕ್ಕೆ ತೆಗೆದ ಮೊದಲ ಫ್ರೇಮ್.

ಹಗಲುನಿದ್ದೆ

ಸಿಕ್ಕಿತು. ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಫ್ರೇಮನ್ನು ಪ್ಲೇಟ್ ಸಾಲ್ವ್ ಮಾಡಿದೆ, ಅಂದರೆ ನಕ್ಷತ್ರಗಳ ಜೋಡಣೆ ನೋಡಿ ಅದು ಆಕಾಶದ ಯಾವ ಜಾಗ ಅಂತ ಕಂಡುಹಿಡಿದೆ. ಅದರ ಮಧ್ಯಬಿಂದು ನೋಟಿಸ್ ಹೇಳಿದ ಜಾಗದಿಂದ 20 ಆರ್ಕ್ ಮಿನಿಟ್ ಪಶ್ಚಿಮಕ್ಕಿದೆ. ನಿಮ್ಮ ಫ್ರೇಮ್‌ನ ಉದ್ದದ ಅರ್ಧ 19. ಒಂದೇ ಒಂದು ಆರ್ಕ್ ಮಿನಿಟ್‌ನಲ್ಲಿ ಅಂಚಿನಿಂದ ಹೊರಗೆ ಉಳಿದಿದೆ.

20 ಅನ್ನುವ ಸಂಖ್ಯೆ ನೋಡಿದ ತಕ್ಷಣ ಗೊತ್ತಾಗಬೇಕು ಇದು ಯಾರ ಕೆಲಸ ಅಂತ. ಭೂಮಿಯ ಅಕ್ಷ ಬುಗುರಿ ಹಾಗೆ ವಾಲಾಡುತ್ತದಲ್ಲ, ಅದರಿಂದ ಆಕಾಶದ ಅಳತೆಗೆರೆಗಳು ವರ್ಷಕ್ಕೆ 50 ಆರ್ಕ್ ಸೆಕೆಂಡ್ ಜರುಗುತ್ತವೆ. 2000ರಿಂದ ಈಚೆಗೆ 25 ವರ್ಷ ಅಂತ ಹಿಡಿದರೂ 21 ಆರ್ಕ್ ಮಿನಿಟ್ ಆಯಿತು. ಜಿಸಿಎನ್ ನೋಟಿಸ್ ಕೊಡುವುದು ಜೆ2000, ಅಂದರೆ 2000ನೇ ಇಸವಿಯ ಲೆಕ್ಕ. ಇಂಡಿಯಲ್ಲಿ ನೀವು ಬರೆಯುತ್ತಿರುವುದು ಈಕ್ವಟೋರಿಯಲ್ ಇಒಡಿ ಕೋಆರ್ಡ್‌ಗೆ ಅಲ್ವಾ? ಇಒಡಿ ಅಂದರೆ ಇವತ್ತಿನ ತಾರೀಖಿನ ಲೆಕ್ಕ. ಹ್ಯಾಂಡ್ ಕಂಟ್ರೋಲರ್ ಎಂ13ಕ್ಕೆ ಈ ಬದಲಾವಣೆಯನ್ನು ಒಳಗೊಳಗೇ ಮಾಡಿಕೊಳ್ಳುತ್ತದೆ, ಅದಕ್ಕೇ ಅದು ಸರಿಯಾಗಿ ಬರುತ್ತಿತ್ತು. ನಿಮ್ಮ ಸ್ಕ್ರಿಪ್ಟ್ ಮಾಡುತ್ತಿರಲಿಲ್ಲ.

ಆಸ್ಟ್ರೊಪೈ ಅನ್ನುವ ಪೈಥಾನ್ ಲೈಬ್ರರಿಯಲ್ಲಿ ಎರಡು ಸಾಲಿನ ಕೆಲಸ ಇದು. ಆದರೂ ಅದೊಂದನ್ನೇ ನಂಬಬೇಡಿ. ಗುರಿಗೆ ಹೋದ ಮೇಲೆ 5 ಸೆಕೆಂಡಿನ ಒಂದು ಫ್ರೇಮ್ ತೆಗೆದು, ಸಾಲ್ವ್ ಮಾಡಿ, ತಪ್ಪಿದ್ದಷ್ಟು ಸರಿಸಿ, ಆಮೇಲೆ ಫೋಟೊ ಶುರು ಮಾಡಿ. ಅರ್ಧ ನಿಮಿಷ ಹೋಗುತ್ತದೆ, ಹೋಗಲಿ. ನಿಮಿಷದ ಲೆಕ್ಕ ಮುಖ್ಯವೇ, ಆಫ್ಟರ್‌ಗ್ಲೋ ಸಾಮಾನ್ಯವಾಗಿ ಸಮಯ ಹತ್ತು ಪಟ್ಟಾದರೆ ಸುಮಾರು ಎರಡೂವರೆ ಮ್ಯಾಗ್ನಿಟ್ಯೂಡ್ ಮಂಕಾಗುತ್ತದೆ (ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕಡಿಮೆ). 3ನೇ ನಿಮಿಷದಲ್ಲಿ 15 ಇದ್ದದ್ದು 30ನೇ ನಿಮಿಷಕ್ಕೆ ಹದಿನೇಳೂವರೆ, 5 ಗಂಟೆಗೆ 20. ಆಗ ನಿಮ್ಮ 8 ಇಂಚಿನ ಕೈಯಲ್ಲಿ ಆಗುವುದಿಲ್ಲ. ಆದರೆ ತಪ್ಪು ಜಾಗವನ್ನು ಬೇಗ ನೋಡಿ ಏನು ಮಾಡುವುದು?

ಇನ್ನು ಎಲ್ಲ ಸರಿ ಮಾಡಿದರೂ ಕೆಲವಕ್ಕೆ ಕಣ್ಣಿಗೆ ಕಾಣುವ ಬೆಳಕೇ ಇರುವುದಿಲ್ಲ, ದೂಳಿನಲ್ಲಿ ಮುಚ್ಚಿಹೋಗಿರುತ್ತದೆ ಅಥವಾ ತೀರಾ ದೂರ ಇರುತ್ತದೆ. ಹೊಸ ಚುಕ್ಕೆ ಕಂಡರೂ ಕುಣಿಯುವ ಮುಂಚೆ ಅಲ್ಲಿ ಯಾವುದಾದರೂ ಕ್ಷುದ್ರಗ್ರಹ ಇದೆಯಾ ನೋಡಿ. ಅರ್ಧ ಗಂಟೆ ಬಿಟ್ಟು ಇನ್ನೊಂದು ಫ್ರೇಮ್ ತೆಗೆಯಿರಿ. ಮಂಕಾಗಿದ್ದರೆ ಆಸೆ ಇಟ್ಟುಕೊಳ್ಳಿ, ಜರುಗಿದ್ದರೆ ಬಿಡಿ.

ಬಿಎಸ್ಸಿ_ಮೂರನೇವರ್ಷ

ಒಂದು ದಡ್ಡ ಪ್ರಶ್ನೆ. ನಮ್ಮ ಇಸ್ರೋದ ಆಸ್ಟ್ರೊಸ್ಯಾಟ್ ಉಪಗ್ರಹ ಕೂಡ ಜಿಆರ್‌ಬಿ ಹಿಡಿಯುತ್ತದಲ್ಲ, ಅದನ್ನು ಹಿಂಬಾಲಿಸಿ ಟೆಲಿಸ್ಕೋಪ್ ತಿರುಗಿಸಬಹುದಾ?

ಹಗಲುನಿದ್ದೆ

ದಡ್ಡ ಪ್ರಶ್ನೆ ಏನಲ್ಲ ಪುಟ್ಟಾ. 2015ರ ಸೆಪ್ಟೆಂಬರ್ 28ಕ್ಕೆ ಹಾರಿದ ಆಸ್ಟ್ರೊಸ್ಯಾಟ್‌ನ ಸಿಝಡ್‌ಟಿಐ ಉಪಕರಣ ಅಕ್ಟೋಬರ್‌ನಲ್ಲೇ ಜಿಆರ್‌ಬಿ 151006ಎ ಹಿಡಿದಿತ್ತು. 100 ಕೆಇವಿ ಶಕ್ತಿಯ ಮೇಲೆ ಅದರ ಪಕ್ಕದ ಗೋಡೆಗಳು ಕಿರಣಗಳಿಗೆ ಗಾಜಿನ ಹಾಗೆ, ಎಲ್ಲ ಕಡೆಯಿಂದಲೂ ಒಳಗೆ ಬರುತ್ತವೆ. ಹಾಗಾಗಿ ಸ್ಫೋಟ ಆಯಿತು ಅಂತ ಚೆನ್ನಾಗಿ ಹೇಳುತ್ತದೆ, ಧ್ರುವೀಕರಣ ಅಳೆಯುವುದರಲ್ಲಿ ಅದಕ್ಕೆ ದೊಡ್ಡ ಹೆಸರಿದೆ, ಆದರೆ ಎಲ್ಲಿ ಅನ್ನುವುದಕ್ಕೆ ಬೇರೆ ಉಪಗ್ರಹಗಳನ್ನೇ ಕೇಳಬೇಕು. ನೆಲದ ಮೇಲಿಂದ ಹಿಂಬಾಲಿಸುವ ಕೆಲಸಕ್ಕೆ ಲಡಾಖ್‌ನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ 0.7 ಮೀಟರಿನ ಗ್ರೋತ್ ಇಂಡಿಯಾ ಟೆಲಿಸ್ಕೋಪ್ ಇದೆ, ಪಕ್ಕದಲ್ಲೇ 2 ಮೀಟರಿನ ಚಂದ್ರ ಟೆಲಿಸ್ಕೋಪ್. ಆ ಎರಡನೆಯದನ್ನು ಓಡಿಸುವುದು ನಮ್ಮ ಹೊಸಕೋಟೆಯಲ್ಲಿ ಕೂತು, ಗೊತ್ತಾ?

ತಾರಸಿ_ತಾರೆ (ತುಮಕೂರು)

ಎರಡು ವಾರ ಆದ ಮೇಲೆ ವರದಿ ಒಪ್ಪಿಸುತ್ತಿದ್ದೇನೆ.

ಫರ್ಮಿ ಟಾಪಿಕ್ ತೆಗೆದೆ. ಎರರ್ 10 ಆರ್ಕ್ ಮಿನಿಟ್‌ಗಿಂತ ಜಾಸ್ತಿ ಇದ್ದರೆ ಮೌಂಟ್ ಅಲ್ಲಾಡುವುದಿಲ್ಲ. ಲೇಟೆಸ್ಟ್ ಹಾಕಿದೆ, ಯುಟಿಸಿ ಸರಿ ಮಾಡಿದೆ, ಜೆ2000ದಿಂದ ಇವತ್ತಿನ ಲೆಕ್ಕಕ್ಕೆ ಬದಲಾಯಿಸಿದೆ. ಪೈಗೆ ಒಂದು ಚಿಕ್ಕ ಯುಪಿಎಸ್ ಕೂಡ ತಂದೆ. ಹಳೆಯ ನೋಟಿಸ್ ಒಂದರಲ್ಲಿ ತಾರೀಖು, ಜಾಗ ತಿದ್ದಿ ಸುಳ್ಳು ಅಲರ್ಟ್ ಮಾಡಿಕೊಂಡು ನಾಲ್ಕು ಸಲ ಡ್ರಿಲ್ ನಡೆಸಿದೆ. ಸಾಲ್ವ್ ಮಾಡುವ ಮುಂಚೆಯೇ 2 ಆರ್ಕ್ ಮಿನಿಟ್ ಒಳಗೆ ಹೋಗುತ್ತಿದೆ. ಸರಿಸಿದ ಮೇಲೆ ಮಧ್ಯಕ್ಕೆ.

ನಿನ್ನೆ ರಾತ್ರಿ 2:40ಕ್ಕೆ ಫೋನ್ ಬಡಿದುಕೊಂಡಿತು. ನಿಜವಾದ ಬ್ಯಾಟ್ ಅಲರ್ಟ್. ಚಪ್ಪಲಿ ಹಾಕದೆ ತಾರಸಿಗೆ ಓಡಿದೆ. ಟೆಲಿಸ್ಕೋಪ್ ಕದಲಲಿಲ್ಲ. ಇನ್ನೇನು ಕೆಟ್ಟಿತೋ ಅಂತ ಲಾಗ್ ತೆಗೆದರೆ, ಡೆಕ್ ಮೈನಸ್ 71. ನಮ್ಮೂರಿನಲ್ಲಿ ಅದು ಎಷ್ಟೇ ಮೇಲೆ ಬಂದರೂ 6 ಡಿಗ್ರಿ, ಪಕ್ಕದ ಮನೆಯ ತೆಂಗಿನ ಮರದ ಬುಡ. ಆಗದು ಅಂತ ಸ್ಕ್ರಿಪ್ಟ್ ಸರಿಯಾಗಿಯೇ ಬಿಟ್ಟಿತ್ತು. ಅಲ್ಲೇ ಕೂತು ಸ್ವಲ್ಪ ಹೊತ್ತು ನಕ್ಕು, ಹೋಗಿ ಮಲಗಿದೆ.