ಸ್ಲೈಡಿಂಗ್ ಗ್ಲಾಸ್ ಡೋರ್ ಎಳೆದ್ರೂ ಬರ್ತಿಲ್ಲ, ತಲೆ ಕೆಟ್ಟೋಗಿದೆ

ತೋಟದಮನೆ_ಮಡಿಕೇರಿ: ಹಾಲಿಂದ ಸಿಟೌಟ್‌ಗೆ ಹೋಗೋ ಸ್ಲೈಡಿಂಗ್ ಡೋರ್ ಎರಡು ಕೈಲಿ ಎಳೆದ್ರೆ ಕರ್ರ್ ಅಂತ ಅರ್ಧ ಬಂದು ನಿಂತ್ಬಿಡುತ್ತೆ, ಲಾಕೂ ಕೂರ್ತಿಲ್ಲ. ಹಾಕಿಕೊಟ್ಟವ್ರನ್ನ ಕೇಳಿದ್ರೆ ಮಳೆ ನಿಲ್ಲಲಿ ಬರ್ತೀವಿ ಅಂತಾರೆ, ಇಲ್ಲಿ ಮಳೆ ನಿಲ್ಲೋದು ಯಾವಾಗ ಅಂತ ಅವ್ರೇ ಹೇಳ್ಬೇಕು. ಎಣ್ಣೆ ಎಲ್ಲಾ ಹಾಕಿ ಆಯ್ತು. ವೀಕೆಂಡಿಗೆ ಗೆಸ್ಟ್ ಬೇರೆ ಬರ್ತಿದ್ದಾರೆ, ಯಾರಾದ್ರೂ ದಾರಿ ಹೇಳಿ.

ಕುಶಾಲನಗರ_ಸ್ಪ್ಯಾನರ್: ರೋಲರ್, ಅಂದ್ರೆ ಬಾಗಿಲ ಕೆಳಗಿನ ವೀಲ್, ಇಳಿದಿದೆ ಅಷ್ಟೆ. ಶಟರ್ (ಸರಿಯೋ ಬಾಗಿಲು) ಪಕ್ಕದಲ್ಲಿ ಕೆಳಗಡೆ ಎರಡೂ ತುದೀಲಿ ಸಣ್ಣ ಪ್ಲಾಸ್ಟಿಕ್ ಬಿರಡೆ ಇರುತ್ತೆ, ಅದನ್ನ ಕಿತ್ರೆ ಒಳಗೆ ಸ್ಟಾರ್ ಸ್ಕ್ರೂ, ಬಲಕ್ಕೆ ತಿರುಗಿಸಿದ್ರೆ ಸಾಮಾನ್ಯವಾಗಿ ಬಾಗಿಲು ಮೇಲೇಳುತ್ತೆ. ಇನ್ನೊಬ್ರು ಬಾಗಿಲನ್ನ ಸ್ವಲ್ಪ ಎತ್ತಿ ಹಿಡ್ಕೊಳ್ಲಿ, ಇಲ್ಲಾಂದ್ರೆ ಭಾರಕ್ಕೆ ಸ್ಕ್ರೂ ತಲೆ ಸವೆದು ಹೋಗುತ್ತೆ. ಅರ್ಧರ್ಧ ಸುತ್ತು ಮಾತ್ರ. ಬಾಗಿಲು ಮುಚ್ಚೋಕೆ ಬೆರಳಷ್ಟು ಬಾಕಿ ಇರುವಾಗ ಫ್ರೇಮಿನ ಸಂದಿ ಮೇಲೂ ಕೆಳಗೂ ಒಂದೇ ಸಮ ಕಾಣ್ಬೇಕು, ಆಗ ಲಾಕೂ ಕೂರುತ್ತೆ.

ಸಿಲಿಕಾನ್_ಅಣ್ಣ: ಯಾವ ಎಣ್ಣೆ ಹಾಕಿದ್ರಿ?

ತೋಟದಮನೆ_ಮಡಿಕೇರಿ: ಕೊಬ್ಬರಿ ಎಣ್ಣೆ, ಆಮೇಲೆ ಡಬ್ಲ್ಯೂಡಿ-40 ಸ್ಪ್ರೇ. ಸ್ಕ್ರೂ ತಿರುಗಿಸಿದೆ, ಒಂದು ಕಡೆ ಎದ್ದಿದೆ, ಇನ್ನೊಂದು ಕಡೆ ಸುಮ್ನೆ ತಿರುಗ್ತಾನೇ ಇದೆ.

ಸಿಲಿಕಾನ್_ಅಣ್ಣ: ಅಯ್ಯೋ ಕೊಬ್ಬರಿ ಎಣ್ಣೆಗೆ ಧೂಳೆಲ್ಲಾ ಮೆತ್ಕೊಂಡು ಅಂಟಾಗುತ್ತೆ ಸರ್. ಟ್ರ್ಯಾಕ್ ಒಣಗಿಸಿ, ಬ್ರಷ್ ಹಾಕಿ ಕ್ಲೀನ್ ಮಾಡಿ ಸಿಲಿಕಾನ್ ಸ್ಪ್ರೇ ಹೊಡೀರಿ.

ಕುಶಾಲನಗರ_ಸ್ಪ್ಯಾನರ್: ನಮ್ಮನೇಲಿ ಡಬ್ಲ್ಯೂಡಿ-40 ಹೊಡೆದು ವರ್ಷಗಟ್ಟಲೆ ಚೆನ್ನಾಗಿದೆ. ಸ್ಕ್ರೂ ಇನ್ನೂ ತಿರುಗಿಸಿ.

ಸಿಲಿಕಾನ್_ಅಣ್ಣ: ಅದು ತುಕ್ಕು ಬಿಡಿಸೋಕೆ ಸರಿ, ಹಳೇ ಗ್ರೀಸೂ ತೊಳೆದುಹೋಗುತ್ತೆ. ನಿಮ್ಮನೆ ಬಾಗಿಲಿಗೆ ಮಳೆ ನೀರು ಬೀಳುತ್ತಾ ಮೊದ್ಲು ಹೇಳಿ, ಕುಶಾಲನಗರಕ್ಕೂ ಮಡಿಕೇರಿಗೂ ಮಳೇಲಿ ಎಷ್ಟು ವ್ಯತ್ಯಾಸ ಅಂತ ಗೊತ್ತಿಲ್ವಾ.

ಗ್ಲಾಸ್ವಾಲಾ_ವಿರಾಜಪೇಟೆ: ಇಬ್ರೂ ಜಗಳ ಬಿಡಿ ಮಾರಾಯ್ರೆ. ಫ್ರೇಮ್ ಅಲ್ಯೂಮಿನಿಯಮ್ಮಾ, ಯುಪಿವಿಸಿನಾ (ಗಟ್ಟಿ ಪ್ಲಾಸ್ಟಿಕ್)? ಗಾಜು ಎಷ್ಟು ದಪ್ಪ? 5 ಎಂಎಂ ಗಾಜಿಗೆ ಒಂದು ಚದರ ಮೀಟರ್‌ಗೆ 12.5 ಕೆಜಿ ಲೆಕ್ಕ, 3 ಅಡಿ 7 ಅಡಿ ಶಟರ್ ಅಂದ್ರೆ ಗಾಜೊಂದೇ 24 ಕೆಜಿ ಮೇಲೆ, ಅದೆಲ್ಲಾ ಎರಡು ರೋಲರ್ ಮೇಲೆ ಕೂತಿರೋದು.

ತೋಟದಮನೆ_ಮಡಿಕೇರಿ: ಯುಪಿವಿಸಿ, 5 ಎಂಎಂ. ಟ್ರ್ಯಾಕ್ ಒಣಗಿಸಿ ಅಂದ್ರಲ್ಲ, ಅದ್ರಲ್ಲಿ ಯಾವಾಗ್ಲೂ ನೀರು ನಿಂತಿರುತ್ತಲ್ಲ, ಮಳೆಗಾಲದಲ್ಲಿ ಎಲ್ರ ಮನೇಲೂ ಹಂಗೇ ಅಲ್ವಾ?

ಗ್ಲಾಸ್ವಾಲಾ_ವಿರಾಜಪೇಟೆ: ಇದನ್ನ ಮೊದ್ಲೇ ಹೇಳ್ಬಾರ್ದಾ! ನಿಲ್ಲಬಾರದು ಸರ್. ಹೊರಗಡೆ ಕೆಳಗಿನ ಫ್ರೇಮಲ್ಲಿ ಉದ್ದುದ್ದ ಸಣ್ಣ ತೂತು ಇರುತ್ತೆ, ನೀರು ಅಲ್ಲಿಂದ ಆಚೆ ಹೋಗ್ಬೇಕು. ಇದ್ಯಾ ನೋಡಿ.

ತೋಟದಮನೆ_ಮಡಿಕೇರಿ: ಒಂದೂ ಕಾಣ್ತಿಲ್ಲ. ಬೇಸಿಗೇಲಿ ಸಿಟೌಟ್‌ಗೆ ಹಳೇದ್ರ ಮೇಲೇ ಹೊಸ ಟೈಲ್ಸ್ ಹಾಕ್ಸಿದ್ವಿ, ಸಿಮೆಂಟು ಫ್ರೇಮ್‌ವರೆಗೂ ಬಂದಿದೆ.

ಗ್ಲಾಸ್ವಾಲಾ_ವಿರಾಜಪೇಟೆ: ಅಲ್ಲೇ ಇದೆ ರೋಗ. ತೂತೆಲ್ಲಾ ಮುಚ್ಚಿ ನೀರಲ್ಲಿ ಕೂತು ಕೂತು ಬೇರಿಂಗ್ ತುಕ್ಕು ಹಿಡಿದಿದೆ, ವೀಲ್ ಉರುಳ್ತಿಲ್ಲ ಉಜ್ತಿದೆ, ಸ್ಕ್ರೂ ಸುಮ್ನೆ ತಿರುಗೋ ಕಡೆ ರೋಲರ್ ಹಿಡಿದಿರೋ ಬ್ರಾಕೆಟ್ಟೇ ಮುರಿದಿರ್ಬೇಕು. ಎರಡೂ ಸ್ಕ್ರೂ ಪೂರ್ತಿ ಇಳಿಸಿ, ಮೇಲಿನ ಟ್ರ್ಯಾಕಲ್ಲಿ ಕಳ್ಳರು ಬಾಗಿಲು ಎತ್ತಬಾರ್ದು ಅಂತ ಹಾಕಿರೋ ಬ್ಲಾಕ್ ಇದ್ರೆ ಬಿಚ್ಚಿ, ಇಬ್ರು ಹಿಡಿದು ಮೇಲಕ್ಕೆತ್ತಿ ಕೆಳಭಾಗ ಒಳಗೆ ಎಳೀರಿ. ಒಬ್ರೇ ಕೈ ಹಾಕ್ಬೇಡಿ.

ಕುಶಾಲನಗರ_ಸ್ಪ್ಯಾನರ್: ಸ್ಕ್ರೂ ಎಡಕ್ಕೂ ಒಮ್ಮೆ ತಿರುಗಿಸಿ ನೋಡಿ, ಕೆಲವು ಮಾಡೆಲ್ ಉಲ್ಟಾ ಇರುತ್ತೆ.

ಹೋಮ್‌ಸ್ಟೇ_ಸೋಮವಾರಪೇಟೆ: ನಾವು ನಾಲ್ಕು ಶಟರಿನ ಸ್ಲಿಮ್ ಫ್ರೇಮ್ ಹಾಕ್ಸಿದೀವಿ, ಒಂದು ಬೆರಳಲ್ಲಿ ತಳ್ಳಿದ್ರೆ ಹೋಗುತ್ತೆ, ಬೆಳಗ್ಗೆ ಬೆಡ್ಡಿಂದಾನೇ ತೋಟ ಎಲ್ಲಾ ಕಾಣುತ್ತೆ. ಫೋಟೋ ಹಾಕ್ಲಾ?

ಸಿಲಿಕಾನ್_ಅಣ್ಣ: ಬೇಡ.

ತೋಟದಮನೆ_ಮಡಿಕೇರಿ: ತಮ್ಮನ್ನ ಕರ್ಕೊಂಡು ಬಾಗಿಲು ಇಳಿಸಿದ್ವಿ. ಟ್ರ್ಯಾಕಲ್ಲಿ ಕೆಂಪು ಕೆಸರು, ಸಿಲ್ವರ್ ಓಕ್ ಎಲೆ, ಮಳೆಹುಳದ ರೆಕ್ಕೆ ಕೊಳೆತು ಪಾಯಸ ಆಗಿತ್ತು. ಒಂದು ವೀಲ್ ಒಂದೇ ಕಡೆ ಸವೆದು ಚಪ್ಪಟೆ ಆಗಿದೆ, ಇನ್ನೊಂದು ಬ್ರಾಕೆಟ್ ಸಮೇತ ಕೈಗೆ ಬಂತು. ಸಿಮೆಂಟ್ ಕೆತ್ತಿ ಎರಡು ತೂತು ಬಿಡಿಸಿದ್ಮೇಲೆ ನೀರು ಹೋಗ್ತಿದೆ. ಈ ರೋಲರ್ ಎಲ್ಲಿ ಸಿಗುತ್ತೆ?

ಗ್ಲಾಸ್ವಾಲಾ_ವಿರಾಜಪೇಟೆ: ಹಳೇದನ್ನೇ ಕೈಲಿ ತಗೊಂಡು ಯುಪಿವಿಸಿ ಕೆಲಸ ಮಾಡೋ ಅಂಗಡಿಗೆ ಹೋಗಿ, ಎತ್ತರ, ಅಗಲ, ವೀಲಿನ ಗ್ರೂವ್ ಮೂರೂ ಮ್ಯಾಚ್ ಆಗ್ಬೇಕು. ಎರಡೂ ಒಟ್ಟಿಗೇ ಬದಲಾಯಿಸಿ, ಸ್ಟೇನ್‌ಲೆಸ್ ಬೇರಿಂಗ್ ಇರೋದೇ ಕೇಳಿ.

ತೋಟದಮನೆ_ಮಡಿಕೇರಿ: ಇಲ್ಲಿ ಎರಡು ಅಂಗಡೀಲಿ ಇಲ್ಲ ಅಂದ್ರು. ಸದ್ಯಕ್ಕೆ ಟಾರ್ಪಾಲ್ ಕಟ್ಟಿದೀನಿ. ಮೈಸೂರಿಂದ ಬರೋರು ಯಾರಾದ್ರೂ ಇದೀರಾ?