ಕಾಗದದಲ್ಲಿ ಚಿಪ್ ಇದೆ, ಸ್ಕ್ಯಾನರ್‌ಗೆ ಸಿಗುತ್ತಿಲ್ಲ

ಬಾಲಂಗೋಚಿ (ಪ್ರಶ್ನೆ):
ದತ್ತು ಬಂದ ಆರು ವರ್ಷದ ನಾಯಿ. ಜೊತೆಗೆ ಕೊಟ್ಟ ಕಾಗದದಲ್ಲಿ ‘ಮೈಕ್ರೋಚಿಪ್’ (ಪ್ರಾಣಿಯ ಗುರುತಿಗೆ ಚರ್ಮದಡಿ ಹಾಕುವ ಚಿಪ್) ಅಂತ ಬರೆದು 10 ಅಂಕಿಯ ಸಂಖ್ಯೆಯೊಂದಿದೆ. ಕ್ಲಿನಿಕ್‌ನ ಸ್ಕ್ಯಾನರ್ ಏನೂ ತೋರಿಸಲಿಲ್ಲ, ಫೋನಿನ ಎನ್‌ಎಫ್‌ಸಿಗೂ (ತೀರಾ ಹತ್ತಿರದ ಚಿಪ್, ಕಾರ್ಡ್ ಓದುವ ಸೌಲಭ್ಯ) ಸಿಗಲಿಲ್ಲ. ಚಿಪ್ ಕೆಟ್ಟಿದೆಯಾ, ಬಿದ್ದುಹೋಗಿದೆಯಾ? ಇನ್ನೊಂದು ಹಾಕಿಸಿದರೆ ತೊಂದರೆ ಇದೆಯಾ? ಎರಡು ತಿಂಗಳ ಬೆಕ್ಕಿನ ಮರಿಗೂ ಹಾಕಿಸಬೇಕು, ಆಗ ಏನೇನು ನೋಡಿಕೊಳ್ಳಬೇಕು? ಕಳೆದುಹೋದರೆ ಎಲ್ಲಿದೆ ಅಂತ ಫೋನಿನಲ್ಲಿ ಕಾಣುತ್ತದಾ?

ಸೂಜಿಮೊನೆ:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಕಾಣುವುದಿಲ್ಲ. ಇದು ಜಿಪಿಎಸ್ ಅಲ್ಲ. ಚಿಪ್‌ನೊಳಗೆ ಬ್ಯಾಟರಿಯೇ ಇಲ್ಲ. ಗಾಜಿನ ಪುಟ್ಟ ಕೊಳವೆ, ಅದರೊಳಗೆ ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಡ್ಡಿಗೆ ಸುತ್ತಿದ ತಂತಿಯ ಸುರುಳಿ, ಒಂದು ಕೆಪಾಸಿಟರ್, ಸಂಖ್ಯೆ ಇಟ್ಟುಕೊಳ್ಳುವ ಒಂದು ಐಸಿ. ಸ್ಕ್ಯಾನರ್ ಹತ್ತಿರ ಬಂದಾಗ ಅದರ ಕಾಂತಕ್ಷೇತ್ರದಿಂದಲೇ ವಿದ್ಯುತ್ ಪಡೆದು ತನ್ನ ಸಂಖ್ಯೆ ಹೇಳುತ್ತದೆ, ದೂರ ಹೋದೊಡನೆ ಸುಮ್ಮನಾಗುತ್ತದೆ. ಬ್ಯಾಟರಿ ಇಲ್ಲದ್ದರಿಂದ ಕೆಡುವುದೂ ಅಪರೂಪ.

ನಿಮ್ಮ ನಾಯಿಯ ವಿಷಯದಲ್ಲಿ ಸುಳಿವು ಇರುವುದು ಆ 10 ಅಂಕಿಯಲ್ಲೇ. ಐಎಸ್‌ಒ 11784 ಮತ್ತು 11785 ಎಂಬ ಅಂತರರಾಷ್ಟ್ರೀಯ ಮಾನದಂಡಗಳ ಪ್ರಕಾರ ಮಾಡಿದ ಚಿಪ್‌ಗೆ 15 ಅಂಕಿ ಇರುತ್ತದೆ, ಅದು ಕೆಲಸ ಮಾಡುವುದು 134.2 ಕಿಲೋಹರ್ಟ್ಸ್‌ನಲ್ಲಿ. 9 ಅಥವಾ 10 ಅಂಕಿಯವು ಸಾಮಾನ್ಯವಾಗಿ ಹಳೆಯ 125 ಕಿಲೋಹರ್ಟ್ಸ್‌ನವು, ಕೆಲವು 128ರವು. 134.2 ಮಾತ್ರ ಓದುವ ಸ್ಕ್ಯಾನರ್ ಹಿಡಿದರೆ ಇಂಥ ಚಿಪ್ ಇದ್ದೂ ಇಲ್ಲದ ಹಾಗೆ. ಫೋನಿನ ಎನ್‌ಎಫ್‌ಸಿ 13.56 ಮೆಗಾಹರ್ಟ್ಸ್‌ನದು, ಅಂದರೆ ಸುಮಾರು ನೂರು ಪಟ್ಟು ಹೆಚ್ಚಿನ ಆವರ್ತನ. ಯಾವ ಆ್ಯಪ್ ಹಾಕಿಕೊಂಡರೂ ಓದದು.

ಹಾಗಾಗಿ ಮೂರೂ ಆವರ್ತನ ಓದುವ ‘ಯೂನಿವರ್ಸಲ್’ ಸ್ಕ್ಯಾನರ್ ಇರುವ ಕಡೆ ಹೋಗಿ. ಅದನ್ನು ಹಿಡಿಯುವ ರೀತಿಯೂ ಮುಖ್ಯ, ಏಕೆಂದರೆ ಅರ್ಧ ತಪ್ಪು ಅಲ್ಲೇ ಆಗುವುದು. ಇಂಥ ಸ್ಕ್ಯಾನರ್ ಒಂದೊಂದೇ ಆವರ್ತನವನ್ನು ಸರದಿಯಂತೆ ಪರೀಕ್ಷಿಸುತ್ತದೆ. ಕೈ ಬೇಗ ಆಡಿಸಿದರೆ ಚಿಪ್‌ನ ಮೇಲೆ ಹಾದುಹೋಗುವ ಕ್ಷಣದಲ್ಲಿ ಅದು ಬೇರೆ ಆವರ್ತನಕ್ಕೆ ಕಿವಿಗೊಟ್ಟಿರಬಹುದು. ಸೆಕೆಂಡಿಗೆ 15 ಸೆಂಟಿಮೀಟರ್‌ಗಿಂತ ವೇಗ ಬೇಡ. ಗುಂಡಿ ಒತ್ತಿ ಹಿಡಿದೇ ಇರಿ, ಸ್ಕ್ಯಾನರ್ ಕೂದಲಿಗೆ ತಾಗುತ್ತಿರಲಿ. ಹೆಗಲ ಎಲುಬುಗಳ ನಡುವಿನಿಂದ ಶುರುಮಾಡಿ, ಅಡ್ಡಡ್ಡಲಾಗಿ ಹಾವಿನಂತೆ ಸೊಂಟದವರೆಗೆ. ಆಮೇಲೆ ಅದೇ ಜಾಗವನ್ನು ಉದ್ದುದ್ದಕ್ಕೆ. ಎರಡು ದಿಕ್ಕಿನಲ್ಲಿ ಯಾಕೆ ಅಂದರೆ, ಚಿಪ್‌ನ ಸುರುಳಿ ಸ್ಕ್ಯಾನರ್‌ಗೆ ತಪ್ಪು ಕೋನದಲ್ಲಿ ಮಲಗಿದ್ದರೆ ಅದಕ್ಕೆ ಶಕ್ತಿ ತಲುಪುವುದೇ ಇಲ್ಲ. ನಂತರ ಕತ್ತಿನ ಎರಡೂ ಬದಿ, ಭುಜದಿಂದ ಮೊಣಕೈವರೆಗೆ, ಎದೆಯ ಕೆಳಗೆ.

ಲೋಹದ ಕೊರಳಪಟ್ಟಿ ತೆಗೆದುಬಿಡಿ. ಸ್ಟೀಲ್ ಮೇಜಿನ ಮೇಲೆ, ಕಂಪ್ಯೂಟರ್ ಪರದೆಯ ಪಕ್ಕ, ಟ್ಯೂಬ್‌ಲೈಟ್‌ನ ಹತ್ತಿರ ಮಾಡಬೇಡಿ. ಸ್ಕ್ಯಾನರ್‌ನ ಬ್ಯಾಟರಿ ಅರ್ಧಕ್ಕಿಳಿದಿದ್ದರೆ ಓದುವ ದೂರವೂ ತಗ್ಗುತ್ತದೆ. ದಪ್ಪಗಿರುವ ನಾಯಿಗೆ ಇದು ಇನ್ನೂ ದೊಡ್ಡ ಅಡ್ಡಿ.

ಮೀಸೆಯಮರಿ:
ಬೆಕ್ಕಿನ ಮರಿಯ ಬಗ್ಗೆ. ಎರಡು ತಿಂಗಳು ಅಂದರೆ ಹಾಕಿಸಬಹುದು, ಅರಿವಳಿಕೆ ಬೇಕಿಲ್ಲ. ಸಾಮಾನ್ಯ ಚಿಪ್ 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ; ಅದಕ್ಕೆ 12 ಗೇಜ್ ಸೂಜಿ ಬೇಕು, ಲಸಿಕೆಯ ಸೂಜಿಗಿಂತ ತುಂಬಾ ದಪ್ಪ. ಮರಿಗೆ ಮಿನಿ ಚಿಪ್ ಕೇಳಿ: 8 ಮಿಲಿಮೀಟರ್ ಉದ್ದ, 1.4 ದಪ್ಪ. ಸುರುಳಿ ಚಿಕ್ಕದಾದ್ದರಿಂದ ಓದುವ ದೂರ ಸ್ವಲ್ಪ ಕಡಿಮೆ, ಬೆಕ್ಕಿನ ಗಾತ್ರಕ್ಕೆ ಅದು ಲೆಕ್ಕಕ್ಕಿಲ್ಲ. ಹೇಗೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವವರು ಆಗಲೇ ಹಾಕಿಸಿದರೆ ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಆದರೆ ಅಷ್ಟರೊಳಗೆ ಮರಿ ಹೊರಗೆ ಓಡಾಡುವಂತಿದ್ದರೆ ಕಾಯಬೇಡಿ.

ನಿಮ್ಮ ಕಣ್ಣೆದುರೇ ಹೀಗೆ ಆಗಬೇಕು: ಮೊದಲು ಮರಿಯ ಮೈಯನ್ನೆಲ್ಲ ಸ್ಕ್ಯಾನ್ ಮಾಡುತ್ತಾರೆ, ಈಗಾಗಲೇ ಚಿಪ್ ಇದೆಯೋ ಅಂತ. ಆಮೇಲೆ ಪೊಟ್ಟಣ ಒಡೆಯುವ ಮುಂಚೆಯೇ ಒಳಗಿನ ಚಿಪ್ ಓದಿ, ಪರದೆಯ ಸಂಖ್ಯೆಯೂ ಚೀಟಿಯ ಸಂಖ್ಯೆಯೂ ಒಂದೇ ಎಂದು ನೋಡುತ್ತಾರೆ. ಹೆಗಲ ನಡುವಿನ ಚರ್ಮ ಎತ್ತಿ ಹಿಡಿದು, ಸೂಜಿಯ ಓರೆಬಾಯಿ ಮೇಲಿರುವಂತೆ ಚರ್ಮದಡಿಗೆ ತೂರಿಸಿ, ಸಿರಿಂಜಿನ ದಂಡವನ್ನು ಕೊನೆಯವರೆಗೂ ಒತ್ತಿ, ಆಮೇಲೆಯೇ ಸೂಜಿ ಹೊರಗೆ. ರಂಧ್ರದ ಮೇಲೆ ಬೆರಳಿಟ್ಟು ಅರ್ಧ ನಿಮಿಷ ಅದುಮಿ, ಮತ್ತೆ ಸ್ಕ್ಯಾನ್. (ಯುರೋಪಿನಲ್ಲಿ ಅನೇಕ ಕಡೆ ಕತ್ತಿನ ಎಡಬದಿಗೆ ಹಾಕುವ ರೂಢಿ ಇದೆ. ಅದೂ ಸರಿಯೇ.)

ಎಡವಟ್ಟಾಗುವುದು ಮೂರು ರೀತಿ. ಎತ್ತಿದ ಚರ್ಮದ ಆಚೆ ಬದಿಗೆ ಸೂಜಿ ತೂರಿಹೋಗಿ ಚಿಪ್ ಕೂದಲಿನಲ್ಲಿ ಬೀಳುತ್ತದೆ. ಉದ್ದ ಕೂದಲಿನ ಬೆಕ್ಕಾದರೆ ಅಲ್ಲೇ ಸಿಕ್ಕಿಕೊಂಡಿದ್ದು ಸ್ಕ್ಯಾನರ್‌ಗೂ ಸರಿಯಾಗಿ ಓದಿಸಿಬಿಡುತ್ತದೆ, ಹಾಗಾಗಿ ಬೆರಳಿಂದ ಕೂದಲು ಬಿಡಿಸಿ ನೋಡಬೇಕು. ದಂಡ ಪೂರ್ತಿ ಒತ್ತದೆ ಸೂಜಿ ಎಳೆದರೆ ಚಿಪ್ ಕೂಡ ಹಿಂದೆಯೇ ಬರುತ್ತದೆ. ಮೂರನೆಯದು, ಚಿಪ್ ರಂಧ್ರದ ಬಾಯಲ್ಲೇ ಕೂತು ಎರಡು ಮೂರು ದಿನದಲ್ಲಿ ಉದುರಿಹೋಗುವುದು. ಸುತ್ತಲಿನ ಅಂಗಾಂಶ ಅದನ್ನು ಬಿಗಿಯಾಗಿ ಹಿಡಿದುಕೊಳ್ಳಲು ಕೆಲವು ವಾರ ಬೇಕು. ಹಾಕಿದ ಜಾಗ ತಿಕ್ಕಬೇಡಿ, ಒಂದೆರಡು ದಿನ ಸ್ನಾನ ಬೇಡ, ಮುಂದಿನ ಲಸಿಕೆಗೆ ಹೋದಾಗ ಇನ್ನೊಮ್ಮೆ ಓದಿಸಿ.

ಒಂದೇ ಸೂಲಿನ ನಾಲ್ಕಾರು ಮರಿಗಳಿಗೆ ಒಂದೇ ದಿನ ಹಾಕುವಾಗ ಚೀಟಿಗಳು ಅದಲುಬದಲಾಗುತ್ತವೆ. ಒಂದು ಮರಿ ಪೂರ್ತಿ ಮುಗಿದು, ಅದರ ಪುಸ್ತಕಕ್ಕೆ ಚೀಟಿ ಅಂಟಿದ ಮೇಲೇ ಮುಂದಿನ ಪೊಟ್ಟಣ ಮುಟ್ಟಬೇಕು.

ಹದಿನೈದಂಕಿ:
ಇಬ್ಬರೂ ಚಿಪ್ ಹಾಕುವುದು, ಓದುವುದು ಹೇಳಿದಿರಿ. ಕಳೆದ ಪ್ರಾಣಿ ಮನೆ ಸೇರದಿರುವುದಕ್ಕೆ ಕಾರಣ ಬಹಳ ಸಲ ಅದಲ್ಲ, ನೋಂದಣಿ. ಚಿಪ್‌ನಲ್ಲಿ ನಿಮ್ಮ ಹೆಸರಿಲ್ಲ, ಫೋನ್ ಇಲ್ಲ, ಬರೀ ಸಂಖ್ಯೆ. ಅಮೆರಿಕದ 53 ಆಶ್ರಯತಾಣಗಳಲ್ಲಿ 7,704 ಚಿಪ್ ಇರುವ ಪ್ರಾಣಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಬೀದಿಯಲ್ಲಿ ಸಿಕ್ಕ ನಾಯಿಗಳಲ್ಲಿ ಒಟ್ಟಾರೆ ಮನೆ ಸೇರಿದ್ದು ಶೇ. 21.9, ಚಿಪ್ ಇದ್ದವುಗಳಲ್ಲಿ ಶೇ. 52.2. ಬೆಕ್ಕುಗಳಲ್ಲಿ ಶೇ. 1.8 ಇದ್ದದ್ದು ಚಿಪ್ ಇದ್ದರೆ ಶೇ. 38.5. ಬೆಕ್ಕು ಸಾಕುವವರು ಈ ಅಂತರವನ್ನು ಇನ್ನೊಮ್ಮೆ ಓದಿ. ಮಾಲೀಕರು ಸಿಗದ ಪ್ರಕರಣಗಳಲ್ಲಿ ಮೊದಲ ಕಾರಣ ತಪ್ಪಾದ ಅಥವಾ ಬಂದಾದ ಫೋನ್ ನಂಬರ್: ಶೇ. 35.4.

ಕ್ಲಿನಿಕ್‌ನವರು ತಮ್ಮ ಕಂಪ್ಯೂಟರ್‌ನಲ್ಲಿ ಸಂಖ್ಯೆ ಬರೆದುಕೊಂಡರೆ ಅದು ನೋಂದಣಿ ಅಲ್ಲ. ಚಿಪ್ ಸಂಖ್ಯೆಗಳನ್ನು ಮಾಲೀಕರ ವಿವರದ ಜೊತೆ ಇಡುವ ಡೇಟಾಬೇಸ್‌ನಲ್ಲಿ ನಿಮ್ಮ ಹೆಸರಲ್ಲಿ ಖಾತೆ ಇರಬೇಕು, ಎರಡು ಫೋನ್ ನಂಬರ್ ಇರಬೇಕು, ಎರಡನೆಯದು ಬೇರೆ ಮನೆಯವರದ್ದಾದರೆ ಒಳ್ಳೆಯದು. ದತ್ತು ಬಂದ ಪ್ರಾಣಿಯಾದರೆ ಹಳೆಯ ಮಾಲೀಕರ ಖಾತೆಯಿಂದ ನಿಮ್ಮ ಹೆಸರಿಗೆ ವರ್ಗ ಆಗಬೇಕು. ಇಲ್ಲವಾದರೆ ನಾಯಿ ಸಿಕ್ಕಾಗ ಕರೆ ಹೋಗುವುದು ಅವರಿಗೆ.

15 ಅಂಕಿಯನ್ನು ಹೀಗೆ ಓದಿ. ಮೊದಲ ಮೂರು ದೇಶದ ಸಂಕೇತ, ಅಥವಾ 900ರಿಂದ 998ರೊಳಗೆ ಇದ್ದರೆ ತಯಾರಕರದ್ದು. 981 ಡೇಟಾಮಾರ್ಸ್, 985 ಡೆಸ್ಟ್ರಾನ್ ಫಿಯರಿಂಗ್, 977 ಆವಿಡ್. 900 ಹಲವರು ಹಂಚಿಕೊಂಡದ್ದು, ಅದೊಂದರಿಂದಲೇ ತಯಾರಕರು ಯಾರೆಂದು ಹೇಳಲಾಗದು. 999 ಪರೀಕ್ಷೆಯ ಚಿಪ್‌ಗಳಿಗೆ. ಅದು ಪ್ರಾಣಿಯ ಮೈಯಲ್ಲಿ ಇರಬಾರದು. ಉಳಿದ 12 ಅಂಕಿಗೆ ಚಿಪ್‌ನಲ್ಲಿರುವುದು 38 ಬಿಟ್ ಜಾಗ, ಅಂದರೆ ಸುಮಾರು 27,488 ಕೋಟಿ ಸಂಖ್ಯೆಗಳು, ಗರಿಷ್ಠ 274877906943. ಹಾಗಾಗಿ ನಾಲ್ಕನೆಯ ಅಂಕಿ 0, 1 ಅಥವಾ 2 ಮಾತ್ರ ಆಗಿರಲು ಸಾಧ್ಯ. ನಿಮ್ಮ ಕಾಗದದಲ್ಲಿ ಅದು 7 ಅಂತಿದ್ದರೆ ಯಾರೋ ಕೈಯಲ್ಲಿ ಬರೆಯುವಾಗ ತಪ್ಪಿದ್ದಾರೆ, ಚಿಪ್ ಓದಿಸಿಯೇ ತಿದ್ದಿ.

ಬಾಲಂಗೋಚಿ:
ಮೂವರಿಗೂ ಥ್ಯಾಂಕ್ಸ್. ಯೂನಿವರ್ಸಲ್ ಸ್ಕ್ಯಾನರ್‌ನಲ್ಲಿ ಬಲ ಭುಜದ ಕೆಳಗೆ ಓದಿತು, ಕಾಗದದ ಸಂಖ್ಯೆಯೇ. ಜಾಗ ಬಿಟ್ಟು ಸರಿದಿದೆ ಅಂದರೆ ತೆಗೆಸಬೇಕಾ? ಹೊಸದನ್ನೂ ಹಾಕಿಸಬಹುದಾ?

ಸೂಜಿಮೊನೆ:
ತೆಗೆಸಬೇಡಿ. ಸರಿದ ಚಿಪ್‌ನಿಂದ ನೋವಿಲ್ಲ, ತೆಗೆಯುವುದೇ ಸಣ್ಣ ಶಸ್ತ್ರಚಿಕಿತ್ಸೆ. ಗಂಟು, ಊತ, ಕೀವು ಕಂಡರೆ ಮಾತ್ರ ಆ ಯೋಚನೆ. ಮುಂದೆ ಎಂದಾದರೂ ಎಂಆರ್‌ಐ ಮಾಡಿಸಿದರೆ ಚಿಪ್ ಇದೆ ಎಂದು ಮೊದಲೇ ಹೇಳಿ. ಅದರ ಸುತ್ತ ಚಿತ್ರ ಮಸುಕಾಗುತ್ತದೆ, ಅಷ್ಟೇ.

134.2ರ ಹೊಸದನ್ನು ಧಾರಾಳವಾಗಿ ಹಾಕಿಸಿ. ಹಳೆಯದರಿಂದ ಕೆಲವು ಸೆಂಟಿಮೀಟರ್ ದೂರ ಇರಲಿ. ಒಂದು ಚಿಪ್ ಓದಿದೊಡನೆ ಸ್ಕ್ಯಾನರ್ ಅಲ್ಲಿಗೇ ನಿಲ್ಲುತ್ತದೆ, ಯಾರಿಗೆ ಯಾವುದು ಮೊದಲು ಸಿಗುತ್ತದೋ ಹೇಳಲಾಗದು. ಆದ್ದರಿಂದ ಎರಡೂ ಸಂಖ್ಯೆ ನಿಮ್ಮ ಹೆಸರಲ್ಲಿ ನೋಂದಣಿಯಾಗಿರಬೇಕು. ಲಸಿಕೆ ಪುಸ್ತಕದಲ್ಲೂ ಎರಡನ್ನೂ ಬರೆಸಿ, ಹಾಕಿದ ದಿನಾಂಕದ ಸಮೇತ.

ಹದಿನೈದಂಕಿ:
ದಿನಾಂಕ ಅಂದಿರಲ್ಲ, ಅದಕ್ಕೊಂದು ಸೇರಿಸುತ್ತೇನೆ. ನಾಯಿಯನ್ನು ಯುರೋಪಿಯನ್ ಒಕ್ಕೂಟದ ದೇಶಕ್ಕೆ ಕರೆದೊಯ್ಯುವುದಿದ್ದರೆ ಚಿಪ್ ಮೊದಲು, ರೇಬೀಸ್ ಲಸಿಕೆ ಆಮೇಲೆ. ಒಂದೇ ದಿನ ಆದರೂ ಸರಿ, ಕ್ರಮ ತಪ್ಪಬಾರದು. ತಪ್ಪಿದರೆ ಆ ಲಸಿಕೆ ಲೆಕ್ಕಕ್ಕೇ ಬಾರದು, ಮತ್ತೆ ಹಾಕಿಸಿ ಕನಿಷ್ಠ 21 ದಿನ ಕಾಯಬೇಕು. ಹಳೆಯ 10 ಅಂಕಿಯದನ್ನೇ ನೆಚ್ಚಿ ಹೊರಟರೆ ಅದನ್ನು ಓದುವ ಸ್ಕ್ಯಾನರ್ ನೀವೇ ಜೊತೆಗೆ ಒಯ್ಯಬೇಕಾಗುತ್ತದೆ.